ಗೆದ್ದ ಮರುದಿನ ಕೆಡವುವ ಕೋಟೆ

ಪೋಗೋ ವಾಹಿನಿಯಲ್ಲಿ ಜಾವೇದ್ ಜಾಫ್ರಿಯವರ ಹಿಂದಿ ಕೀಟಲೆ ಕೇಳುತ್ತ ‘ತಕೇಶೀಸ್ ಕ್ಯಾಸಲ್’ ನೋಡಿ ಬೆಳೆದವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಉರುಳುವ ಬಂಡೆ, ಜಾರುವ ಕಲ್ಲು, ಕೆಸರಿಗೆ ದೊಪ್ಪನೆ ಬೀಳುವ ಗುಮಾಸ್ತ. ಅಲ್ಲಿ ಬೀಳುವುದೇ ಆಟ, ಕೋಟೆ ಗೆಲ್ಲುವುದು ಬರೀ ನೆಪ. ಆ ಆಟ ನಡೆಯುತ್ತಿದ್ದದ್ದು ಯೊಕೊಹಾಮಾದ ಮಿದೊರಿಯಾಮಾದಲ್ಲಿ, ಜಪಾನಿನ ಟಿಬಿಎಸ್ ವಾಹಿನಿಯ ಸ್ಟುಡಿಯೊ ಬಯಲಿನಲ್ಲಿ. 1986ರಲ್ಲಿ ಶುರುವಾದ ಅದು ನಾಲ್ಕು ವರ್ಷಕ್ಕೆ ನಿಂತಿತು. ಕೋಟೆ ಹೋಯಿತು, ಬಯಲು ಉಳಿಯಿತು. 1998ರಲ್ಲಿ ಅದೇ ಬಯಲಿಗೆ ಇನ್ನೊಂದು ಆಟ ಬಂತು. ಇಲ್ಲೂ ಕೆಳಗೆ ಕೆಸರುನೀರು, ಇಲ್ಲೂ ಬಂದವರಲ್ಲಿ ಹೆಚ್ಚಿನವರು ಬೀಳುವವರೇ. ಸ್ಪರ್ಧಿಗಳು ಇಳಿಯುವುದು ನಂಬರಿನ ಸರದಿಯಲ್ಲಿ. ಮೊದಮೊದಲ ನಂಬರಿನ ಹಾಸ್ಯನಟರು ಬಿದ್ದಾಗ ಜನ ನಗುತ್ತಾರೆ. ನಂಬರು ನೂರರ ಹತ್ತಿರ ಬಂದಂತೆ ನಗು ಇಳಿಯುತ್ತದೆ. ಕೊನೆಯ ಕೆಲವರು ಬೀಳುವಾಗ ಯಾರೂ ನಗುವುದಿಲ್ಲ.

ಈ ಆಟದ ಹೆಸರು ‘ಸಾಸುಕೆ’. ಹೊರದೇಶಗಳು ಅದನ್ನು ‘ನಿಂಜಾ ವಾರಿಯರ್’ ಎಂದು ಕರೆದವು. ಸಾರುತೋಬಿ ಸಾಸುಕೆ ಎಂಬವನು ಕಳೆದ ಶತಮಾನದ ಆರಂಭದಲ್ಲಿ ಒಸಾಕಾದ ಅಗ್ಗದ ಕಥೆಪುಸ್ತಕಗಳಿಂದ ಮನೆಮಾತಾದ ಕಾಲ್ಪನಿಕ ನಿಂಜಾ. ‘ಸಾರುತೋಬಿ’ ಎಂದರೆ ಕಪಿಯ ನೆಗೆತ. ಗರಡಿಮನೆಯ ಗೋಡೆಯಲ್ಲಿ ಹನುಮಂತನ ಪಟ ಕಂಡವರಿಗೆ ಈ ನಾಮಕರಣದ ಔಚಿತ್ಯವನ್ನು ವಿವರಿಸಬೇಕಿಲ್ಲ. ಆಟಕ್ಕೆ ನಾಲ್ಕು ಹಂತ. ಮೊದಲನೆಯದು ಗಡಿಯಾರದೊಡನೆ ಓಟ ಮತ್ತು ನೆಗೆತ. ಎರಡನೆಯದು ಇನ್ನೂ ಬಿಗಿ. ಹಳೆಯ ಆವೃತ್ತಿಗಳಲ್ಲಿ ಅದರ ಕೊನೆಗೆ 30, 40, 50 ಕಿಲೊ ತೂಕದ ಮೂರು ಗೋಡೆಗಳನ್ನು ಒಂದಾದ ಮೇಲೊಂದು ಎತ್ತಿ ನುಸುಳಬೇಕಿತ್ತು. ಮೂರನೆಯದಕ್ಕೆ ಸಮಯದ ಮಿತಿಯಿಲ್ಲ, ಆದರೆ ಹೆಚ್ಚುಕಡಿಮೆ ಉದ್ದಕ್ಕೂ ಕೈಯಲ್ಲೇ ಜೋತುಬಿದ್ದು ಸಾಗಬೇಕು. ನಾಲ್ಕನೆಯದು ಇರುಳಲ್ಲಿ ಬೆಳಗುವ ಒಂದು ಗೋಪುರ, ಅದರ ತುದಿಯಲ್ಲಿ ಒಂದು ಗುಂಡಿ. ಅದನ್ನು ಒತ್ತಿದವನದು ‘ಕಾನ್‌ಜೆನ್ ಸೇಹಾ’, ಅಂದರೆ ಪೂರ್ಣ ವಿಜಯ. ಪ್ರತಿ ಬಾರಿ ನೂರರಷ್ಟು ಸ್ಪರ್ಧಿಗಳು ಇಳಿದ ಮೊದಲ ನಲವತ್ತು ಆವೃತ್ತಿಗಳಲ್ಲಿ ಆ ಗುಂಡಿ ಸಮಯದೊಳಗೆ ಒತ್ತಿಸಿಕೊಂಡದ್ದು ಆರೇ ಸಲ. ಒತ್ತಿದವರು ನಾಲ್ಕೇ ಜನ.

ಅಭಿಮಾನಿಗಳು ಈ ಆಟದ ಕಾಲವಿಭಾಗ ಮಾಡುವುದು ವೀರರ ಹೆಸರಿನಲ್ಲಿ. ‘ಆಲ್‌ಸ್ಟಾರ್’ಗಳ ಕಾಲ, ‘ಹೊಸ ಪೀಳಿಗೆ’ಯ ಕಾಲ, ಮೊರಿಮೊತೊ ಪೀಳಿಗೆಯ ಕಾಲ. ನನಗೆ ಈ ವಿಭಾಗ ಅರ್ಧ ಮಾತ್ರ ಒಪ್ಪಿಗೆ. ಸಾಸುಕೆಯಲ್ಲಿ ಒಬ್ಬ ಗೆದ್ದನೆಂದರೆ ಆ ಕೋರ್ಸಿನ ಆಯುಸ್ಸು ಮುಗಿದಂತೆ. ಮುಂದಿನ ಸಲ ಹೊಸ ತೊಡಕು, ಇನ್ನೂ ಎತ್ತರದ ಗೋಪುರ. ಹಾಗಾಗಿ ಇಲ್ಲಿ ಗೆದ್ದವನು ಒಂದು ಯುಗಕ್ಕೆ ಬಾಗಿಲು ಹಾಕಿ ಹೋಗುವವನೇ ಹೊರತು ತೆರೆಯುವವನಲ್ಲ. ಯುಗಗಳನ್ನು ತೂಗಬೇಕಾದರೆ ಬೇರೆ ತಕ್ಕಡಿ ಬೇಕು. ಆ ಕಾಲದ ಕೋರ್ಸು ಎಂಥ ಮೈಯನ್ನು ಬೇಡುತ್ತಿತ್ತು? ಆ ಮೈ ಎಲ್ಲಿ ತಯಾರಾಗಿ ಬರುತ್ತಿತ್ತು? ಈ ಎರಡು ಪ್ರಶ್ನೆ ಹಿಡಿದು ಹೊರಟರೆ ನನಗೆ ಕಾಣುವುದು ಕಸುಬಿನ ಮೈ, ಹಿತ್ತಲಿನ ಮೈ, ಜಿಮ್ಮಿನ ಮೈ.

ಕಸುಬಿನ ಮೈಯ ಕಾಲ ಚಿಕ್ಕದು, 1997ರಿಂದ 1999. ಆಗ ಸಾಸುಕೆ ಸ್ವತಂತ್ರ ಕಾರ್ಯಕ್ರಮವೇ ಅಲ್ಲ. 1995ರಲ್ಲಿ ಶುರುವಾಗಿದ್ದ ‘ಕಿನ್ನಿಕು ಬಾನ್‌ಜುಕೆ’ ಎಂಬ ಕಾರ್ಯಕ್ರಮದ ಒಂದು ವಿಶೇಷ ಕಂತು. ‘ಬಾನ್‌ಜುಕೆ’ ಎಂದರೆ ಸುಮೊ ಜಟ್ಟಿಗಳ ಶ್ರೇಯಾಂಕದ ಪಟ್ಟಿ. ‘ಕಿನ್ನಿಕು’ ಎಂದರೆ ಸ್ನಾಯು. ಮೊದಲ ಆವೃತ್ತಿ 1997ರ ಸೆಪ್ಟೆಂಬರಿನಲ್ಲಿ ಪ್ರಸಾರವಾಯಿತು, ನಡೆದದ್ದು ಮಿದೊರಿಯಾಮಾದಲ್ಲಲ್ಲ, ಟೋಕಿಯೊ ಕೊಲ್ಲಿಯ ದಡದ ಎನ್‌ಕೆ ಹಾಲ್ ಎಂಬ ಒಳಾಂಗಣದಲ್ಲಿ. ವೃತ್ತಿಪರ ಕುಸ್ತಿಯ ವೀಕ್ಷಕ ವಿವರಣೆಯಿಂದ ಹೆಸರಾಗಿದ್ದ ಇಚಿರೊ ಫುರುತಾಚಿ ಇಲ್ಲೂ ಅದೇ ಧಾಟಿಯಲ್ಲಿ ಮಾತಿನ ಮಳೆ ಸುರಿಸುತ್ತಿದ್ದರು. ಮುಂದಿನ ತಿರುವಿನಲ್ಲಿ ಏನಿದೆಯೆಂದು ಸ್ಪರ್ಧಿಗೂ ಗೊತ್ತಿಲ್ಲ, ನೋಡುವವನಿಗೂ ಗೊತ್ತಿಲ್ಲ. ಅಭ್ಯಾಸ ಮಾಡಿ ಬರೋಣವೆಂದರೆ ಯಾವುದನ್ನು ಅಭ್ಯಾಸ ಮಾಡುವುದು? ಬದುಕು ಕೊಟ್ಟ ಮೈಯನ್ನೇ ತರಬೇಕಿತ್ತು.

1999ರ ನಾಲ್ಕನೆಯ ಆವೃತ್ತಿಯಲ್ಲಿ ಮೊದಲ ಬಾರಿಗೆ ಗೋಪುರದ ತುದಿ ಮುಟ್ಟಿದವರು ಕಜುಹಿಕೊ ಅಕಿಯಾಮಾ. ಹೊಕ್ಕೈದೊ ಕಡೆಯ ಏಡಿ ಮೀನುಗಾರ, ದೃಷ್ಟಿ ತೀರ ಮಂದ. 15 ಮೀಟರಿನ ಹಗ್ಗ, 30 ಸೆಕೆಂಡು. ತಣ್ಣನೆಯ ಕಡಲಲ್ಲಿ ಬಲೆ ಎಳೆದ ತೋಳಿಗೆ ಹಗ್ಗವೇನೂ ಹೊಸದಲ್ಲ. ಈ ಗೆಲುವು ಚೆಂದ, ನಿಜ. ಆದರೂ ಆ ಮೂರು ವರ್ಷಗಳನ್ನು ಸಾಸುಕೆಯ ಉತ್ತಮ ಕಾಲವೆಂದು ನಾನು ಹೇಳಲಾರೆ. ಅಲ್ಲಿರುವುದು ಅಚ್ಚರಿ ಮಾತ್ರ, ಇತಿಹಾಸವಿಲ್ಲ. ಇತಿಹಾಸ ಶುರುವಾದದ್ದು ಅಕಿಯಾಮಾ ಗೆದ್ದ ಮೇಲೆ, ಅವರು ಮತ್ತೆ ಬಂದಾಗ. 2000ದ ಐದನೆಯ ಆವೃತ್ತಿಯ ಹೊತ್ತಿಗೆ ಮೊದಲ ಹಂತವೇ ಬೇರೆಯಾಗಿತ್ತು, ಗೋಪುರ 22.5 ಮೀಟರಿಗೆ ಬೆಳೆದಿತ್ತು, ಸಮಯ ಮಾತ್ರ ಅದೇ 30 ಸೆಕೆಂಡು. ದೂರವನ್ನು ಕಣ್ಣಲ್ಲೇ ಅಳೆದು ನೆಗೆಯಬೇಕಾದ ಹೊಸ ತೊಡಕುಗಳಲ್ಲಿ ಆ ಮಂದದೃಷ್ಟಿಯ ಚಾಂಪಿಯನ್ ಮತ್ತೆ ಮತ್ತೆ ಮೊದಲ ಹಂತದಲ್ಲೇ ನೀರಿಗೆ ಬಿದ್ದರು. ಅವರು ಗೆದ್ದ ಕೋಟೆ ಬೇರೆ, ಈಗ ಎದುರು ನಿಂತದ್ದು ಬೇರೆ.

2000ದಿಂದ 2006ರವರೆಗಿನ ಕಾಲ, ಐದರಿಂದ ಹದಿನೇಳನೆಯ ಆವೃತ್ತಿಯವರೆಗೆ, ನನ್ನ ಮೆಚ್ಚಿನದು. ಕಾರಣ ಬರೀ ಹಳೆಯ ಮೋಹವಲ್ಲ. ಈ ಏಳು ವರ್ಷ ಕೋರ್ಸಿನ ಬೆನ್ನೆಲುಬು ಹೆಚ್ಚು ಬದಲಾಗಲಿಲ್ಲ. ಮೊದಲ ಹಂತದಲ್ಲಿ ತಲೆಯ ಮೇಲೆ ಬಾಗಿ ನಿಂತ ಗೋಡೆ, ಮೂರನೆಯದರಲ್ಲಿ ‘ಕ್ಲಿಫ್‌ಹ್ಯಾಂಗರ್’ ಎಂಬ, ಬೆರಳತುದಿಗಷ್ಟೇ ಜಾಗವಿರುವ ಸಣ್ಣ ಅಂಚು. ನಾಟಕಕ್ಕೆ ಖಾಯಂ ಪಾತ್ರಗಳಿದ್ದಂತೆ ಈ ತೊಡಕುಗಳು. ಬಾಗಿದ ಗೋಡೆಗೆ ಯಾವ ವೇಗದಲ್ಲಿ ಓಡಬೇಕು, ಎಷ್ಟನೇ ಹೆಜ್ಜೆಗೆ ಕೈ ಚಾಚಬೇಕು ಎಂಬುದು ಮನೆಯಲ್ಲಿ ಕುಳಿತ ಮಕ್ಕಳಿಗೂ ಗೊತ್ತಾಯಿತು. ಹಾಗಾಗಿ ಯಾರಾದರೂ ಬಿದ್ದರೆ ಯಾಕೆ ಬಿದ್ದರೆಂಬುದು ಕಣ್ಣಿಗೆ ಕಟ್ಟಿದಂತೆ ತಿಳಿಯುತ್ತಿತ್ತು. ಸೋಲು ಅರ್ಥವಾಗುವ ಆಟವೇ ದೊಡ್ಡ ಆಟ ಎಂಬುದು ನನ್ನ ನಂಬಿಕೆ.

ಎರಡನೆಯ ಕಾರಣ ಹಿತ್ತಲು. ಕೋರ್ಸು ಮುಂಚಿತವಾಗಿ ಗೊತ್ತಾದೊಡನೆ ಜನ ಮನೆಯ ಹಿಂದೆ ಕಟ್ಟಿಗೆ, ಕೊಳವೆ ಜೋಡಿಸಿ ಅದನ್ನೇ ಕಟ್ಟಿಕೊಳ್ಳತೊಡಗಿದರು. ಆಲ್‌ಸ್ಟಾರ್ ಎನಿಸಿಕೊಂಡ ಆರು ಮಂದಿಯಲ್ಲಿ ಹೊಟ್ಟೆಪಾಡಿಗೆ ಕ್ರೀಡೆಯನ್ನು ನಂಬಿದವರಿಲ್ಲ. ಅಕಿಯಾಮಾ, ಪೆಟ್ರೋಲ್ ಬಂಕಿನ ಶಿಂಗೊ ಯಮಾಮೊತೊ, ಅಗ್ನಿಶಾಮಕ ದಳದ ತೊಶಿಹಿರೊ ತಕೇದಾ, ಬುನ್‌ಪೇ ಶಿರಾತೊರಿ, ಕತ್ಸುಮಿ ಯಮಾದಾ, ಮಿಯಾಜಾಕಿಯ ಮೀನುಗಾರಿಕೆ ದೋಣಿಯ ಕಪ್ತಾನ ಮಕೊತೊ ನಗಾನೊ. ಪರದೆಯ ಮೇಲೆ ಹೆಸರಿನ ಜೊತೆಗೇ ವಯಸ್ಸು ಮತ್ತು ಕೆಲಸ ಮೂಡುತ್ತಿತ್ತು. ಮೂರನೆಯ ಹಂತಕ್ಕೆ ಎಷ್ಟೋ ಸಲ ಬಂದು, ಅಲ್ಲಿಂದ ಮುಂದಕ್ಕೆ ಒಮ್ಮೆಯೂ ದಾಟದ ತಕೇದಾರನ್ನು ನೋಡುವುದು ಹಣತೆಯ ಎಣ್ಣೆ ಮುಗಿಯುವುದನ್ನು ನೋಡಿದಂತೆ.

ಈ ಯುಗದ ನೆರಳೂ ಇಲ್ಲೇ ಇದೆ. ಮೂರನೆಯ ಆವೃತ್ತಿಯಲ್ಲಿ ಗೋಪುರದ ತನಕ ಹೋಗಿದ್ದ ಯಮಾದಾ ಆಮೇಲೆ ಎಂದೂ ಅಲ್ಲಿಗೆ ಮರಳಲಿಲ್ಲ. ಅಭ್ಯಾಸಕ್ಕಾಗಿ ಕೆಲಸ ಬಿಟ್ಟರು, ಬದುಕನ್ನೇ ಪಣಕ್ಕಿಟ್ಟರು. ತಮಗಿರುವುದು ಸಾಸುಕೆ ಒಂದೇ ಎಂದು ಕ್ಯಾಮೆರಾದ ಮುಂದೆ ಕಣ್ಣೀರಿಟ್ಟರು. ಆ ಮಾತು ಜಪಾನಿನಲ್ಲಿ ಗಾದೆಯಂತಾಯಿತು. ಒಬ್ಬ ಮನುಷ್ಯ ಕುಸಿಯುವುದನ್ನು ಆವೃತ್ತಿಯಿಂದ ಆವೃತ್ತಿಗೆ ಧಾರಾವಾಹಿಯಂತೆ ಬಡಿಸಿದ ವಾಹಿನಿಗೆ ನಾವು ಪೂರ್ತಿ ಮಾಫಿ ಕೊಡಲಾಗದು. ಚಪ್ಪರಿಸಿದ ನಮಗೂ ಅಷ್ಟೇ. 2002ರಲ್ಲಿ ಚಿತ್ರೀಕರಣದ ವೇಳೆ ಸ್ಪರ್ಧಿಗಳಿಗೆ ತೀವ್ರ ಪೆಟ್ಟಾಗಿ ತಾಯಿ ಕಾರ್ಯಕ್ರಮ ಕಿನ್ನಿಕು ಬಾನ್‌ಜುಕೆ ನಿಂತೇಹೋಯಿತು. ಸಾಸುಕೆ ಉಳಿಯಿತು. ಹೆಣ್ಣುಮಕ್ಕಳಿಗೆಂದು ‘ಕುನೊಯಿಚಿ’ ಎಂಬ ಬೇರೆ ಅಂಗಳ ಮಾಡಿದ್ದರು. ಅಲ್ಲಿ ಅಯಾಕೊ ಮಿಯಾಕೆ ಸತತ ಮೂರು ಸಲ ಗೆದ್ದರು. ಗಂಡಸರ ಅಂಗಳದಲ್ಲಿ ಅಂಥ ಸಾಧನೆ ಇನ್ನೂ ಯಾರದೂ ಇಲ್ಲ. ಆದರೆ ಸಾಸುಕೆಯ ಪುರಾಣದಲ್ಲಿ ಅವರಿಗೆ ಸಿಕ್ಕಿದ್ದು ಅಡಿಟಿಪ್ಪಣಿಯಷ್ಟು ಜಾಗ.

ಇಷ್ಟಾದರೂ ನಗಾನೊ ಇಡೀ ಯುಗವನ್ನು ಎತ್ತಿ ನಿಲ್ಲಿಸುತ್ತಾರೆ. 2003ರ ಹನ್ನೆರಡನೆಯ ಆವೃತ್ತಿಯಲ್ಲಿ ಅವರು ತುದಿ ತಲುಪಿದ್ದರು, ರೆಪ್ಪೆ ಬಡಿಯುವಷ್ಟು ತಡವಾಗಿ. ಮತ್ತೆ ದೋಣಿಗೆ ಹೋದರು, ಬಲೆ ಎಳೆದರು, ಮತ್ತೆ ಬಂದರು. 2006ರ ಅಕ್ಟೋಬರಿನಲ್ಲಿ ಗುಂಡಿ ಒತ್ತಿದಾಗ ಕೆಳಗಿದ್ದ ಸೋತ ಗೆಳೆಯರೂ ಅದನ್ನು ತಮ್ಮದೆಂಬಂತೆ ಕುಣಿದರು. ಆ ಗೆಲುವಿನಲ್ಲಿ ಕಸುಬೂ ಇತ್ತು, ಹಿತ್ತಲೂ ಇತ್ತು.

ಕೋಟೆಯನ್ನು ಮತ್ತೆ ಕೆಡವಲಾಯಿತು, ಈ ಸಲ ಬುಡಸಮೇತ. 2007ರ ಹದಿನೆಂಟನೆಯ ಆವೃತ್ತಿಯಲ್ಲಿ ಹಳೆಯ ಪರಿಚಿತ ತೊಡಕುಗಳು ಹೆಚ್ಚಿಲ್ಲ. ಸರಳನ್ನು ಕೈಯಲ್ಲೇ ಹಿಡಿದು, ಮೈಯನ್ನು ಚಿಮ್ಮಿಸಿ ಮೆಟ್ಟಿಲಿಂದ ಮೆಟ್ಟಿಲಿಗೆ ಏರುವ ‘ಸಾಮನ್ ಲ್ಯಾಡರ್’ ಬಂತು. ಮೊದಲ ಹಂತ ಎಷ್ಟು ಕ್ರೂರವಾಯಿತೆಂದರೆ ಅದನ್ನು ದಾಟುವವರೇ ಅಪರೂಪವಾದರು. ಕೋರ್ಸು ಮನುಷ್ಯರಿಗಿಂತ ಮುಂದೆ ಓಡಿಬಿಟ್ಟಿತ್ತು. ಬಹಳಷ್ಟು ಅಭಿಮಾನಿಗಳು 2011ರವರೆಗಿನ ಈ ಐದು ವರ್ಷಗಳನ್ನು ಬರಗಾಲವೆಂದು ತಳ್ಳಿಹಾಕುತ್ತಾರೆ. ಹದಿನೆಂಟು, ಹತ್ತೊಂಬತ್ತರ ಮಟ್ಟಿಗೆ ಅದು ನಿಜ. ಆದರೆ ಇದೇ ಕಾಲದಲ್ಲಿ ಯೂಜಿ ಉರುಶಿಹಾರಾ ಬಂದರು. ಶೂ ಮಾರುವ ಕೆಲಸ, ಸಣ್ಣ ಮೈಕಟ್ಟು, ಅಳುವಿಲ್ಲ, ಶಪಥವಿಲ್ಲ. 2010ರ ಹೊಸವರ್ಷದ ದಿನ ಪ್ರಸಾರವಾದ ಇಪ್ಪತ್ನಾಲ್ಕನೆಯದನ್ನು ಗೆದ್ದರು. ಕೋರ್ಸು ಬದಲಾಯಿತು. 2011ರ ಅಕ್ಟೋಬರಿನಲ್ಲಿ ಇಪ್ಪತ್ತೇಳನೆಯದನ್ನೂ ಗೆದ್ದರು. ಎರಡು ಸಲ ಗೆದ್ದವರಲ್ಲಿ ಅವರೇ ಮೊದಲಿಗರು. ಗೆದ್ದವನು ತನ್ನ ಯುಗದೊಡನೆ ಮುಗಿದುಹೋಗುತ್ತಾನೆಂಬ ನಿಯಮ ಮುರಿದವರೂ ಅವರೇ. ಕಥೆ ಹೇಳಿಕೊಳ್ಳಲು ಬಾರದ ಚಾಂಪಿಯನ್ನನ್ನು ದೂರದರ್ಶನ ಸರಿಯಾಗಿ ಪ್ರೀತಿಸಲಿಲ್ಲ. ಅದು ಉರುಶಿಹಾರಾರ ದೋಷವಲ್ಲ. ಮರುತಿಂಗಳೇ ನಿರ್ಮಾಣ ಸಂಸ್ಥೆ ಮಾನ್‌ಸ್ಟರ್9 ದಿವಾಳಿಯಾಯಿತು. ಆ ಸಲ ಕೋಟೆಯನ್ನು ಅಲುಗಾಡಿಸಿದ್ದು ಗೆದ್ದವನೊಬ್ಬನೇ ಅಲ್ಲ, ಸಾಲವೂ.

2012ರ ಡಿಸೆಂಬರಿನಲ್ಲಿ ಇಪ್ಪತ್ತೆಂಟನೆಯ ಆವೃತ್ತಿಯೊಂದಿಗೆ ಆಟ ಮರುಹುಟ್ಟು ಪಡೆಯಿತು. ಇಲ್ಲಿಂದ ಜಿಮ್ಮಿನ ಮೈಯ ಕಾಲ. ಈ ಯುಗದ ಮುಖ ಯೂಸುಕೆ ಮೊರಿಮೊತೊ. ಹಿಂದಿನವರೆಲ್ಲ ಬೇರೆ ಬದುಕಿನಿಂದ ಸಾಸುಕೆಗೆ ಬಂದವರು, ಈ ಹುಡುಗ ಸಾಸುಕೆಯನ್ನು ನೋಡುತ್ತಲೇ ಬೆಳೆದವನು. ಶಾಲಾ ದಿನಗಳಲ್ಲೇ ಕಣಕ್ಕಿಳಿದು, 2015ರಲ್ಲಿ ಕೊಚಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿ ಮೂವತ್ತೊಂದನೆಯದನ್ನು ಗೆದ್ದರು. 2020ರಲ್ಲಿ ಎಂಜಿನಿಯರ್ ಆಗಿ ಮೂವತ್ತೆಂಟನೆಯದನ್ನು ಗೆದ್ದರು. ಬೆರಳ ಬಲದ ವಿಷಯದಲ್ಲಿ ಅವರ ಪೀಳಿಗೆಯ ಮುಂದೆ ಹಳಬರು ಮಕ್ಕಳು, ಇದನ್ನು ಒಪ್ಪಲೇಬೇಕು. ಪೈಪೋಟಿಯವರು ಒಬ್ಬರಿಗೊಬ್ಬರು ಪಟ್ಟು ಹೇಳಿಕೊಡುತ್ತಾರೆ, ಒಟ್ಟಿಗೆ ಅಭ್ಯಾಸ ಮಾಡುತ್ತಾರೆ. ಈ ಗರಡಿತನ ಹಿಂದೆ ಇಷ್ಟಿರಲಿಲ್ಲ.

ಕಳೆದುಕೊಂಡದ್ದೂ ಇದೆ. ಒಂದು ಹೆಸರಿನ ಚರಿತ್ರೆ ನೋಡಿದರೆ ಸಾಕು. ಬರೀ ‘ಕ್ಲಿಫ್‌ಹ್ಯಾಂಗರ್’ ಆಗಿದ್ದದ್ದು ‘ಹೊಸ ಕ್ಲಿಫ್‌ಹ್ಯಾಂಗರ್’ ಆಯಿತು, ಆಮೇಲೆ ‘ಅಲ್ಟಿಮೇಟ್’, ಆಮೇಲೆ ‘ಕ್ರೇಜಿ’, ಆಮೇಲೆ ‘ಅಲ್ಟ್ರಾ ಕ್ರೇಜಿ’. ವಿಶೇಷಣ ಬೆಳೆದಷ್ಟೂ ಆ ಅಂಚು ನೋಡುವವನ ಬೆರಳಿಗೆ ದೂರವಾಯಿತು. ಹಿಂದೆ ಮಗು ಬಾಗಿಲ ಚೌಕಟ್ಟಿಗೆ ಜೋತುಬಿದ್ದು ತಾನೂ ನಗಾನೊ ಎಂದುಕೊಳ್ಳಬಹುದಿತ್ತು. ಇಂದಿನ ನೆಗೆತವನ್ನು ಬಾಯಿಬಿಟ್ಟು ನೋಡಬಹುದಷ್ಟೆ. ಕೊನೆಯವರೆಗೆ ಉಳಿಯುವ ಮೈಗಳೂ ಒಂದೇ ಅಚ್ಚಿನವು. ಪರದೆಯ ಮೇಲೆ ಕೆಲಸದ ಹೆಸರು ಈಗಲೂ ಮೂಡುತ್ತದೆ, ಮೈಯಲ್ಲಿ ಆ ಕೆಲಸದ ಗುರುತು ಕಾಣುವುದಿಲ್ಲ.

ಹೊರದೇಶದ ಅವತಾರಗಳಲ್ಲಿ ಈ ಬದಲಾವಣೆ ಇನ್ನೂ ನಿಚ್ಚಳ. ಅಮೆರಿಕದ ಆವೃತ್ತಿಯಲ್ಲಿ 2015ರಲ್ಲಿ ಜೆಫ್ ಬ್ರಿಟನ್ ಮೊದಲಿಗರಾಗಿ ಪೂರ್ಣ ವಿಜಯ ಸಾಧಿಸಿದರು. ಅದೇ ರಾತ್ರಿ ಹಗ್ಗವನ್ನು ಅವರಿಗಿಂತ ಕೆಲವೇ ಸೆಕೆಂಡು ಬೇಗ ಹತ್ತಿದ ಐಸಾಕ್ ಕಾಲ್ಡಿಯೆರೊಗೆ ಹತ್ತು ಲಕ್ಷ ಡಾಲರ್ ಹೋಯಿತು. ಮಿದೊರಿಯಾಮಾದಲ್ಲಿ ಎದುರಾಳಿ ಎಂದರೆ ಕೋಟೆ, ಪಕ್ಕದವನಲ್ಲ. ಅಮೆರಿಕದಲ್ಲಿ ಪಕ್ಕದವನೇ ಎದುರಾಳಿಯಾದ. ಈಗ ಈ ಆಟ ಒಲಿಂಪಿಕ್ಸ್‌ಗೂ ಹೊರಟಿದೆ. ಟೋಕಿಯೊ ಒಲಿಂಪಿಕ್ಸಿನಲ್ಲಿ ಕುದುರೆಗೆ ಹೊಡೆದ ಪ್ರಕರಣದ ನಂತರ ಮಾಡರ್ನ್ ಪೆಂಟಾಥ್ಲಾನ್ ಸಂಸ್ಥೆ ಸವಾರಿಯನ್ನು ಕೈಬಿಟ್ಟು, ಟಿಬಿಎಸ್ ಜೊತೆ ಸೇರಿ ಸಾಸುಕೆ ಮಾದರಿಯ ಅಡೆತಡೆ ಓಟವನ್ನು ಆರಿಸಿಕೊಂಡಿತು. 2028ರ ಲಾಸ್ ಏಂಜಲೀಸ್‌ನಲ್ಲಿ ಅದನ್ನು ಕಾಣಲಿದ್ದೇವೆ. ಗೌರವದ ಮಾತೇ ಸರಿ. ಆದರೆ ಒಲಿಂಪಿಕ್ ಕೋರ್ಸಿಗೆ ಅಳತೆ ಖಾಯಂ, ದಾಖಲೆ ಖಾಯಂ. ಯಾರು ಗೆದ್ದರೂ ಅದನ್ನು ಕೆಡವುವುದಿಲ್ಲ.

ಹಾಗಾದರೆ ಯುಗಗಳನ್ನೆಲ್ಲ ಕಂಡ ಸಾಕ್ಷಿ ಯಾರು? ಅಕಿಯಾಮಾ ತಮ್ಮ 15 ಮೀಟರ್ ಹಗ್ಗದೊಡನೆ ಒಂದು ಕಾಲಕ್ಕೆ ಸೇರಿದವರು, ನಗಾನೊ ಇನ್ನೊಂದಕ್ಕೆ. ಶಿಂಗೊ ಯಮಾಮೊತೊ ಮಾತ್ರ ಯಾವುದಕ್ಕೂ ಪೂರ್ತಿ ಸೇರಿದವರಲ್ಲ. 1997ರ ಎನ್‌ಕೆ ಹಾಲ್‌ನಿಂದ ಹಿಡಿದು ಮೊದಲ ನಲವತ್ತು ಆವೃತ್ತಿಗಳಲ್ಲಿ ಒಂದನ್ನೂ ತಪ್ಪಿಸದೆ ಇಳಿದವರು ಅವರೊಬ್ಬರೇ. ಕಸುಬಿನ ಮೈಯೊಂದಿಗೆ ಬಂದರು, ಹಿತ್ತಲಿನ ಕಾಲ ಕಳೆದರು, ಜಿಮ್ಮಿನ ಹುಡುಗರ ಪಕ್ಕದಲ್ಲಿ ಐವತ್ತರ ಹೊಸ್ತಿಲಲ್ಲಿ ನಿಂತರು. ಗುಂಡಿ ಒಮ್ಮೆಯೂ ಒತ್ತಲಿಲ್ಲ. ಆ ಮನುಷ್ಯ ಆರಂಭದ ಗೆರೆಯಲ್ಲಿ ನಿಲ್ಲುವುದನ್ನು ನೋಡಿದಾಗಲೆಲ್ಲ ನನ್ನ ಕಾಲವಿಭಾಗದ ಮೇಲೆ ನನಗೇ ಸಂಶಯ ಹುಟ್ಟುತ್ತದೆ. ನಾವು ಯುಗ ಎಣಿಸುತ್ತ ಕೂತಿದ್ದೇವೆ. ಅವರ ಎದುರಿಗಿರುವುದು ಮೊದಲ ತೊಡಕು, ಕೆಳಗೆ ಅದೇ ನೀರು.