ಮೊಡವೆಯ ಮನೆಮದ್ದು ಎಷ್ಟು ಆಳಕ್ಕಿಳಿಯುತ್ತದೆ

ಸಾಣೆಕಲ್ಲಿನ ಮೇಲೆ ಎರಡು ಹನಿ ಹಾಲು ಬಿಟ್ಟು ಜಾಯಿಕಾಯಿಯನ್ನು ತೇಯಬೇಕು. ತುಸು ಘಾಟು ವಾಸನೆಯ, ಕಂದುಬಣ್ಣದ ಗಂಧ ಬರುತ್ತದೆ. ಅದನ್ನು ಉಂಗುರದ ಬೆರಳಿನ ತುದಿಯಲ್ಲಿ ತೆಗೆದು, ಕೆಂಪಗೆ ಎದ್ದ ಮೊಡವೆಯ ನೆತ್ತಿಗೆ ಮಾತ್ರ ಹಚ್ಚಿ ಮಲಗಬೇಕು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹದಿನಾಲ್ಕು, ಹದಿನೈದರ ಮಕ್ಕಳಿಗೆ ಸಿಗುವ ಮೊದಲ ಔಷಧಿ ಇದೇ. ಜಾಯಿಕಾಯಿ ಇಲ್ಲದ ಮನೆಯಲ್ಲಿ ಕಡಲೆಹಿಟ್ಟಿಗೆ ಅರಿಶಿನ ಕಲಸುತ್ತಾರೆ, ಬೇವಿನ ಸೊಪ್ಪು ಅರೆಯುತ್ತಾರೆ, ಹಿತ್ತಲಿನ ಲೋಳೆಸರ ಸೀಳಿ ಅದರ ತಿರುಳು ಸವರುತ್ತಾರೆ. ಇದು ಅಜ್ಜಿಯರಿಂದ ಬಂದದ್ದು. ಮೊಬೈಲ್ ಕೈಗೆ ಬಂದ ಮೇಲೆ ನಿಂಬೆರಸ, ಅಡುಗೆ ಸೋಡ, ಟೂತ್‌ಪೇಸ್ಟು, ಹಸಿ ಬೆಳ್ಳುಳ್ಳಿ, ಸಕ್ಕರೆ ಹಾಕಿ ತಿಕ್ಕುವ ಸ್ಕ್ರಬ್ಬು ಇವೂ ಅದೇ ಸಾಲಿಗೆ ಸೇರಿವೆ. ಎರಡಕ್ಕೂ ಈಗ ಮನೆಮದ್ದು ಎಂದೇ ಹೆಸರು. ಗುಣದಲ್ಲಿ ಮಾತ್ರ ಇವೆರಡೂ ಬಹಳ ದೂರ.

ಮೊದಲು ಮೊಡವೆ ಎಲ್ಲಿ ಹುಟ್ಟುತ್ತದೆ ಎಂದು ನೋಡೋಣ. ಕೂದಲಿನ ಬುಡಕ್ಕೆ ಅಂಟಿಕೊಂಡ ಎಣ್ಣೆಗ್ರಂಥಿ ಹರೆಯದ ಹಾರ್ಮೋನುಗಳಿಂದಾಗಿ ಹೆಚ್ಚು ಜಿಡ್ಡು ಒಸರುತ್ತದೆ. ಆ ಸಣ್ಣ ಕೊಳವೆಯ ಒಳಗೋಡೆಯಿಂದ ಉದುರಿ ಹೊರಬರಬೇಕಾದ ಸತ್ತ ಜೀವಕೋಶಗಳು ಜಿಡ್ಡಿನೊಡನೆ ಅಂಟಿ ಬಿರಡೆಯಾಗುತ್ತವೆ. ಬಿರಡೆಯ ಹಿಂದೆ, ಗಾಳಿಯಾಡದ ಜಾಗದಲ್ಲಿ, ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಇದಕ್ಕೆಲ್ಲ ದೇಹ ತೋರುವ ಪ್ರತಿರೋಧವೇ ಕೆಂಪು, ಊತ, ಕೀವು. ಇವತ್ತು ಕನ್ನಡಿಯಲ್ಲಿ ಕಂಡ ಮೊಡವೆ ಒಳಗೆ ಶುರುವಾಗಿ ವಾರಗಳೇ ಕಳೆದಿರುತ್ತವೆ. ಅದರ ಆಚೀಚೆ ಕಣ್ಣಿಗೆ ಕಾಣದ ಇನ್ನೆಷ್ಟೋ ಬಿರಡೆಗಳು ಮುಂದಿನ ತಿಂಗಳಿಗೆಂದು ತಯಾರಾಗುತ್ತಿರುತ್ತವೆ.

ಮನೆಮದ್ದಿನ ಬಗೆಗಿನ ನನ್ನ ಮುಖ್ಯ ತಕರಾರು ಇಲ್ಲಿಂದಲೇ ಹುಟ್ಟುತ್ತದೆ. ಅದು ಕಂಡ ಮೊಡವೆಗೆ ಮಾಡುವ ಮದ್ದು. ಕಾಣದ ಮೊಡವೆಯ ತನಕ ಅದು ಹೋಗುವುದೇ ಇಲ್ಲ. ಕಂಡ ಮೊಡವೆಯೋ, ಸಣ್ಣದಾಗಿದ್ದರೆ ಏನೂ ಹಚ್ಚದಿದ್ದರೂ ವಾರದೊಳಗೆ ತಾನಾಗಿ ಇಳಿಯುತ್ತದೆ. ಸೋಮವಾರ ಕೆಂಪಾಗಿ, ಮಂಗಳವಾರ ನೋಯತೊಡಗಿ, ಬುಧವಾರ ರಾತ್ರಿ ಜಾಯಿಕಾಯಿ ಹಚ್ಚಿಸಿಕೊಂಡದ್ದು ಶನಿವಾರಕ್ಕೆ ಬಾಡಿದರೆ ಹೆಸರು ಬರುವುದು ಜಾಯಿಕಾಯಿಗೆ. ನಾವು ಮದ್ದಿಗೆ ಕೈಹಾಕುವುದು ನೋವು ತುತ್ತತುದಿಗೆ ಹೋದಾಗ. ತುದಿ ಮುಟ್ಟಿದ್ದು ಇಳಿಯಲೇಬೇಕು. ಹೀಗೆ ನೂರು ಮನೆಗಳಲ್ಲಿ ನೂರು ಬೇರೆಬೇರೆ ಪದಾರ್ಥಗಳು ಗೆದ್ದಿವೆ. ಇದರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಕಂಡದ್ದನ್ನೇ ಹೇಳುತ್ತಿದ್ದಾರೆ. ಹಚ್ಚದೆ ಬಿಟ್ಟ ಇನ್ನೊಂದು ಮೊಡವೆಯನ್ನು ಪಕ್ಕದಲ್ಲಿಟ್ಟು ನೋಡುವ ಅವಕಾಶ ಮನೆಯಲ್ಲಿ ಸಿಗುವುದಿಲ್ಲ, ಅಷ್ಟೇ.

ಹಾಗೆ ಪಕ್ಕದಲ್ಲಿಟ್ಟು ನೋಡಿದವರೂ ಇದ್ದಾರೆ. ಜೇನುತುಪ್ಪಕ್ಕೆ ಬ್ಯಾಕ್ಟೀರಿಯಾ ಕೊಲ್ಲುವ ಗುಣವಿರುವುದು ನಿಜ. ಗಾಯಕ್ಕೆ, ಸುಟ್ಟ ಚರ್ಮಕ್ಕೆ ಅದನ್ನು ಹಚ್ಚುವ ರೂಢಿ ಬಹಳ ಹಳೆಯದು. ನ್ಯೂಜಿಲೆಂಡಿನಲ್ಲಿ ಅಲ್ಲಿಯ ಕಾನುಕಾ ಗಿಡದ ಜೇನನ್ನು 136 ಜನ ಮೊಡವೆಯವರ ಮೇಲೆ ಪರೀಕ್ಷಿಸಿದರು. ಒಂದು ಗುಂಪು ಬ್ಯಾಕ್ಟೀರಿಯಾ ನಿರೋಧಕ ಸೋಪಿನಿಂದ ಮುಖ ತೊಳೆದು ಜೇನು ಹಚ್ಚಿತು, ಇನ್ನೊಂದು ಬರೀ ಸೋಪು ಬಳಸಿತು. 12 ವಾರಗಳಾದ ಮೇಲೆ ಎರಡೂ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2016ರಲ್ಲಿ ಪ್ರಕಟವಾದ ಈ ಫಲಿತಾಂಶ ನನ್ನ ಮಟ್ಟಿಗೆ ಬಹಳ ಮುಖ್ಯ. ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಕೊಲ್ಲುವ ಪದಾರ್ಥ ಬಿರಡೆ ಬಿದ್ದ ಕೊಳವೆಯೊಳಗೆ ಇಳಿದು ಅದೇ ಕೆಲಸ ಮಾಡುತ್ತದೆಂಬ ಭರವಸೆ ಇಲ್ಲವೆಂದು ಅದು ತೋರಿಸಿತು. ಗಿಡಮೂಲಿಕೆ ಎಂದ ಮಾತ್ರಕ್ಕೆ ತಳ್ಳಿಹಾಕುವಂತೆಯೂ ಇಲ್ಲ. 1990ರಲ್ಲಿ ಆಸ್ಟ್ರೇಲಿಯಾದವರು 124 ಜನರ ಮೇಲೆ ಶೇಕಡ 5ರ ಟೀ ಟ್ರೀ ಎಣ್ಣೆಯನ್ನೂ ಮೊಡವೆಯ ಔಷಧಿಯಾದ ಶೇಕಡ 5ರ ಬೆಂಜಾಯಿಲ್ ಪೆರಾಕ್ಸೈಡನ್ನೂ ಹೋಲಿಸಿ ನೋಡಿದಾಗ ಎರಡೂ ಕೆಲಸ ಮಾಡಿದವು. ಎಣ್ಣೆಯದು ನಿಧಾನ, ಆದರೆ ಉರಿ ಕಡಿಮೆ. ಅಲ್ಲಿ ಗೆದ್ದದ್ದು ಅಳೆದ ಪ್ರಮಾಣ ಮತ್ತು ತಿಂಗಳುಗಟ್ಟಲೆಯ ತಾಳ್ಮೆ. ನಮ್ಮ ಕಡಲೆಹಿಟ್ಟಿನ ಬಟ್ಟಲಿನಲ್ಲಿ ಇವೆರಡೂ ಇರುವುದಿಲ್ಲ.

ಅರಿಶಿನದ ಮಾತು ಬಂದರೆ ಎಲ್ಲರೂ ಪೇಟೆಂಟಿನ ಕತೆ ಹೇಳುತ್ತಾರೆ. 1995ರಲ್ಲಿ ಅಮೆರಿಕದಲ್ಲಿ ಅರಿಶಿನದಿಂದ ಗಾಯ ಮಾಯಿಸುವ ವಿಧಾನಕ್ಕೆ ಪೇಟೆಂಟ್ ಕೊಟ್ಟರು. ನಮ್ಮ ಸರ್ಕಾರದ ವಿಜ್ಞಾನ ಸಂಶೋಧನಾ ಮಂಡಳಿ ಸಿಎಸ್‌ಐಆರ್ ಅದನ್ನು ಪ್ರಶ್ನಿಸಿತು. 1997ರಲ್ಲಿ ಅದು ರದ್ದಾಯಿತು. ಹೆಮ್ಮೆ ಪಡಬೇಕಾದ ಗೆಲುವು, ಸಂಶಯವಿಲ್ಲ. ಆದರೆ ಅಲ್ಲಿ ಸಾಬೀತಾದದ್ದು ಈ ತಿಳಿವಳಿಕೆ ಹಳೆಯದು, ನಮ್ಮದು ಎಂಬುದು ಮಾತ್ರ. ಮೊಡವೆ ಗುಣವಾಗುತ್ತದೆಯೇ ಎಂಬ ಪ್ರಶ್ನೆಯನ್ನು ಅಲ್ಲಿ ಯಾರೂ ಎತ್ತಿರಲಿಲ್ಲ. ಅರಿಶಿನದ ಕರ್ಕ್ಯುಮಿನ್ ಊತ ಇಳಿಸಬಲ್ಲದು, ಆದರೆ ಚರ್ಮದ ಮೂಲಕ ಒಳಗಿಳಿಯುವುದು ಅದಕ್ಕೆ ಕಷ್ಟ. ಕಲಸಿದ ಹಿಟ್ಟಿನಲ್ಲಿದ್ದರೆ ಇನ್ನೂ ಕಷ್ಟ. ಹಳದಿ ಬಣ್ಣವಂತೂ ಧಾರಾಳವಾಗಿ ಉಳಿಯುತ್ತದೆ.

ಪರಂಪರೆಯ ಹೆಸರಿನಲ್ಲಿ ಮನೆಮದ್ದನ್ನು ಸಮರ್ಥಿಸುವವರು ಪರಂಪರೆಯ ಗ್ರಂಥವನ್ನೇ ಒಮ್ಮೆ ತೆಗೆದು ನೋಡುವುದು ಒಳ್ಳೆಯದು. ಸುಶ್ರುತ ಸಂಹಿತೆಯಲ್ಲಿ ಮೊಡವೆ ಕ್ಷುದ್ರರೋಗಗಳ, ಅಂದರೆ ಸಣ್ಣಪುಟ್ಟ ರೋಗಗಳ, ಸಾಲಿನಲ್ಲಿ ಬರುತ್ತದೆ. ಹರೆಯದವರ ಮುಖದ ಮೇಲೆ ಬೂರುಗದ ಮುಳ್ಳಿನಂತೆ ಏಳುವ ಗುಳ್ಳೆ ಎಂದು ವರ್ಣನೆ. ಚಿಕಿತ್ಸೆಯಲ್ಲಿ ವಮನಕ್ಕೆ, ಅಂದರೆ ವಾಂತಿ ಮಾಡಿಸುವುದಕ್ಕೆ, ಮೊದಲ ಮಣೆ. ಜೊತೆಗೆ ಬಜೆ, ಲೋಧ್ರ, ಸೈಂಧವ ಲವಣ, ಸಾಸಿವೆಯ ಲೇಪ. ವಮನದ ಬಗ್ಗೆ ಇಂದಿನ ವೈದ್ಯರು ಏನೇ ಹೇಳಲಿ, ಮೊಡವೆಯ ಬೇರು ಮುಖದ ಮೇಲ್ಪದರದಲ್ಲಿಲ್ಲ, ಬರೀ ಲೇಪ ಸಾಲದು ಎಂಬುದು ಆ ಗ್ರಂಥಕ್ಕೆ ಹೊಳೆದಿತ್ತು. ಲೇಪ ಹಚ್ಚುವುದಕ್ಕೂ ಅಲ್ಲಿ ಶಿಸ್ತಿದೆ. ಒಣಗಿದ ಲೇಪವನ್ನು ಚರ್ಮದ ಮೇಲೆ ಹಾಗೇ ಬಿಡಬಾರದು, ರಾತ್ರಿ ಹಚ್ಚಬಾರದು. ಜಾಯಿಕಾಯಿ ಹಚ್ಚಿ ಬೆಳಗಿನ ತನಕ ಮಲಗುವ, ಮುಲ್ತಾನಿ ಮಿಟ್ಟಿ ಬಿರುಕು ಬಿಟ್ಟು ಮುಖ ಬಿಗಿಯುವವರೆಗೆ ಕೂರುವ ನಮ್ಮ ರೂಢಿ ಆ ಶಿಸ್ತಿಗೇ ವಿರುದ್ಧ. ಒಣಗಿದ ಹಿಟ್ಟು ಚರ್ಮದ ತೇವ ಹೀರುತ್ತದೆ. ಅದನ್ನು ಉಜ್ಜಿ ತೆಗೆಯುವಾಗ ಊದಿಕೊಂಡ ಮೊಡವೆಯ ತಲೆ ಹರಿಯುತ್ತದೆ. ಹಳೆಯ ವೈದ್ಯದಿಂದ ನಾವು ಪದಾರ್ಥಗಳನ್ನಷ್ಟೇ ಉಳಿಸಿಕೊಂಡು ವಿಧಾನವನ್ನು ಮರೆತಿದ್ದೇವೆ.

ಇಷ್ಟಾದರೂ ಅಜ್ಜಿಯ ಮದ್ದಿನ ಬಗ್ಗೆ ನನಗೆ ಕೋಪವಿಲ್ಲ. ಲೋಳೆಸರ ತಂಪು ಮಾಡುತ್ತದೆ, ಗಂಧ ಹಾಯೆನಿಸುತ್ತದೆ. ಅಲರ್ಜಿ ಇಲ್ಲದವರಿಗೆ ಇವುಗಳಿಂದ ದೊಡ್ಡ ಅಪಾಯವಿಲ್ಲ. ಮೊಡವೆಯ ಮೇಲೆ ಏನೋ ಹಚ್ಚಿದೆ ಎಂಬ ಕಾರಣಕ್ಕೇ ಮಗು ಅದನ್ನು ಚಿವುಟದೆ ಬಿಟ್ಟರೆ ಅದೊಂದು ದೊಡ್ಡ ಲಾಭ. ಹಚ್ಚುವ ನೆಪದಲ್ಲಿ ಮನೆಯವರೊಬ್ಬರು ಗಲ್ಲ ಹಿಡಿದು, ಬೆಳಕಿಗೆ ತಿರುಗಿಸಿ, ಆ ಮುಖವನ್ನು ಪ್ರೀತಿಯಿಂದ ನೋಡುತ್ತಾರಲ್ಲ, ಆ ವಯಸ್ಸಿನಲ್ಲಿ ಅದರ ಬೆಲೆ ಕಡಿಮೆಯದಲ್ಲ. ಮೊಡವೆಯಿಂದಾಗಿ ತಲೆ ತಗ್ಗಿಸಿ ನಡೆಯುವ, ಫೋಟೋ ತೆಗೆಯುವಾಗ ಹಿಂದಿನ ಸಾಲಿಗೆ ಸರಿಯುವ ಮಕ್ಕಳನ್ನು ಕಂಡವರಿಗೆ ಇದು ಗೊತ್ತು.

ನಿಂಬೆಹಣ್ಣಿನ ಗುಂಪಿನ ವಿಷಯದಲ್ಲಿ ಈ ಸೈರಣೆ ಸಾಧ್ಯವಿಲ್ಲ. ಆರೋಗ್ಯವಂತ ಚರ್ಮದ ಪಿಎಚ್ ಸುಮಾರು 5ರ ಆಸುಪಾಸಿನಲ್ಲಿರುತ್ತದೆ. ನಿಂಬೆರಸದ್ದು 2ರಿಂದ 2.5. ಅಡುಗೆ ಸೋಡದ ನೀರು 8ರ ಮೇಲೆ. ಒಂದು ಸುಡುತ್ತದೆ, ಇನ್ನೊಂದು ಚರ್ಮದ ಸಹಜ ಆಮ್ಲೀಯ ಕವಚವನ್ನೇ ಕೆಡಿಸುತ್ತದೆ. ನಿಂಬೆ ಜಾತಿಯ ಹಣ್ಣುಗಳ ರಸ, ಸಿಪ್ಪೆಗಳಲ್ಲಿ ಬಿಸಿಲಿಗೆ ಕೆರಳುವ ರಾಸಾಯನಿಕಗಳೂ ಇವೆ; ಹಚ್ಚಿಕೊಂಡು ಬಿಸಿಲಿಗೆ ಹೋದರೆ ಬೊಬ್ಬೆ ಎದ್ದು, ಆಮೇಲೆ ಬಹುಕಾಲ ಹೋಗದ ಕಪ್ಪು ಪಟ್ಟೆ ಉಳಿಯಬಹುದು. ಹಸಿ ಬೆಳ್ಳುಳ್ಳಿ ಅರೆದು ಕಟ್ಟಿಕೊಂಡವರಿಗೆ ಚರ್ಮ ಸುಟ್ಟ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ವರದಿಯಾಗಿವೆ. ಟೂತ್‌ಪೇಸ್ಟು ಹಲ್ಲಿನ ದಂತಕವಚಕ್ಕೆಂದು ಮಾಡಿದ ನೊರೆ, ಮೆಂಥಾಲ್, ಉಜ್ಜುಪುಡಿಗಳ ಮಿಶ್ರಣ. ಹಚ್ಚಿದಾಗ ತಣ್ಣಗೆ ಚುರುಗುಟ್ಟುವುದನ್ನೇ ಮಕ್ಕಳು ‘ಕೆಲಸ ಮಾಡ್ತಿದೆ’ ಎಂದುಕೊಳ್ಳುತ್ತಾರೆ.

ನಮ್ಮ ಮೈಬಣ್ಣದವರಿಗೆ ಈ ಉರಿಯ ಬೆಲೆ ಹೆಚ್ಚು. ಕಂದು ಚರ್ಮ ಕೆರಳಿದ ಕಡೆಯಲ್ಲೆಲ್ಲ ಹೆಚ್ಚು ಬಣ್ಣ ಉತ್ಪತ್ತಿ ಮಾಡುತ್ತದೆ. ಮೊಡವೆ ವಾರದಲ್ಲಿ ಹೋದರೂ ಅದರ ಕಪ್ಪುಕಲೆ ತಿಂಗಳುಗಟ್ಟಲೆ ನಿಲ್ಲುತ್ತದೆ. ಕಲೆ ತೆಗೆಯಲೆಂದು ಮತ್ತೆ ನಿಂಬೆ ತಿಕ್ಕಿದರೆ ಚರ್ಮ ಮತ್ತೆ ಕೆರಳಿ ಕಲೆ ಇನ್ನಷ್ಟು ಗಾಢವಾಗುತ್ತದೆ. ಪಾಶ್ಚಾತ್ಯರ ಬಿಳಿ ಚರ್ಮದ ಮೇಲೆ ನಾಲ್ಕು ದಿನದ ಕೆಂಪಾಗಿ ಮುಗಿಯುವ ಪ್ರಯೋಗ ಇಲ್ಲಿ ಒಂದು ಮದುವೆಯ ಕಾಲ, ಒಂದು ಕಾಲೇಜು ವರ್ಷವನ್ನೇ ನುಂಗಬಹುದು. ಬಿಸಿಲಿಗೆ ಹೊರಡುವ ಮುನ್ನ ಸನ್‌ಸ್ಕ್ರೀನ್ ಹಚ್ಚುವುದು ಕಲೆಯ ಮಟ್ಟಿಗೆ ನಿಂಬೆಗಿಂತ ಸಾವಿರ ಪಾಲು ಮೇಲು.

ಕೊಬ್ಬರಿ ಎಣ್ಣೆಯದು ಇನ್ನೂ ಸೂಕ್ಷ್ಮ. ಅದರಲ್ಲಿ ಅರ್ಧದಷ್ಟಿರುವ ಲಾರಿಕ್ ಆಮ್ಲ ಮೊಡವೆಯ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದಲ್ಲಿ ಕೊಂದಿದೆ. ಅದೇ ಎಣ್ಣೆ ಮೊಡವೆ ಬರುವ ಚರ್ಮದಲ್ಲಿ ಬಿರಡೆ ಕಟ್ಟಲು ನೆರವಾಗುತ್ತದೆ. ಹಣೆಯ ಮೇಲ್ಭಾಗದಲ್ಲಿ, ಕೂದಲಿನ ಅಂಚಿಗೆ ಮಾತ್ರ ಸಾಲಾಗಿ ಸಣ್ಣ ಗುಳ್ಳೆಗಳಿದ್ದರೆ ತಲೆಗೆ ಹಚ್ಚುವ ಎಣ್ಣೆಯನ್ನೇ ಮೊದಲು ಅನುಮಾನಿಸಬೇಕು. ಎಣ್ಣೆಯನ್ನು ತಲೆ ತೊಳೆಯುವ ಒಂದೆರಡು ಗಂಟೆ ಮುಂಚೆ ಮಾತ್ರ ಹಚ್ಚುವುದು, ದಿಂಬಿನ ಬಟ್ಟೆ ಆಗಾಗ ಒಗೆಯುವುದು, ಮುಂಗುರುಳು ಹಣೆಗೆ ಬೀಳದಂತೆ ಕಟ್ಟುವುದು: ಏನನ್ನೂ ಹಚ್ಚದೆ ಮಾಡುವ ಈ ಮನೆಮದ್ದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಊಟದ ವಿಷಯದಲ್ಲೂ ಅಡುಗೆಮನೆಗೆ ಒಂದಿಷ್ಟು ಪಾತ್ರವಿದೆ. 2007ರ ಒಂದು ಆಸ್ಟ್ರೇಲಿಯಾ ಅಧ್ಯಯನದಲ್ಲಿ 43 ಯುವಕರಲ್ಲಿ ಕೆಲವರಿಗೆ ರಕ್ತದ ಸಕ್ಕರೆ ದಿಢೀರನೆ ಏರಿಸದ ಆಹಾರ ಕೊಟ್ಟು 12 ವಾರ ನೋಡಿದಾಗ ಅವರ ಮೊಡವೆ ಉಳಿದವರಿಗಿಂತ ಹೆಚ್ಚು ಕಡಿಮೆಯಾಗಿತ್ತು. ಸಣ್ಣ ಅಧ್ಯಯನ. ಆದರೂ ಬೇಕರಿ ತಿಂಡಿ, ತಂಪು ಪಾನೀಯಗಳನ್ನು ತಗ್ಗಿಸಲು ಅದು ಸಾಕಷ್ಟು ಕಾರಣ.

ಮನೆಮದ್ದಿನ ಅತಿ ದೊಡ್ಡ ಹಾನಿ ಅದು ಸೋತ ಮೇಲೆ ಶುರುವಾಗುತ್ತದೆ. ತಿಂಗಳುಗಟ್ಟಲೆ ಕಾದು ಬೇಸತ್ತವರು ವೈದ್ಯರ ಬಳಿ ಹೋಗುವುದಿಲ್ಲ. ಮೆಡಿಕಲ್ ಶಾಪಿಗೆ ಹೋಗಿ ‘ಮುಖಕ್ಕೆ ಒಂದು ಕ್ರೀಮು ಕೊಡಿ’ ಎನ್ನುತ್ತಾರೆ. ಕೈಗೆ ಬರುವ ಟ್ಯೂಬಿನಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಇರುತ್ತದೆ. ಮೊದಲ ವಾರ ಮುಖ ತಿಳಿಯಾಗುತ್ತದೆ, ಬೆಳ್ಳಗೂ ಕಾಣುತ್ತದೆ. ಆಮೇಲೆ ಚರ್ಮ ತೆಳುವಾಗಿ, ಕೆಂಪಾಗಿ, ಮೊಡವೆ ಮೊದಲಿಗಿಂತ ಜೋರಾಗಿ ಏಳುತ್ತದೆ. ಬಿಟ್ಟರೆ ಉರಿ, ಹಚ್ಚಿದರೆ ಹಾನಿ. 2011ರಲ್ಲಿ ಪ್ರಕಟವಾದ ಭಾರತದ ಅಧ್ಯಯನವೊಂದರಲ್ಲಿ ಮುಖದ ಚರ್ಮದ ತೊಂದರೆಯಿದ್ದ 2926 ಜನರನ್ನು ನೋಡಿದಾಗ 433 ಜನ ಸ್ಟೀರಾಯ್ಡ್ ಹಚ್ಚುತ್ತಿದ್ದರು. ಅವರಲ್ಲಿ ಹೆಚ್ಚಾಗಿ ಕಂಡ ಅಡ್ಡಪರಿಣಾಮ ಮೊಡವೆಯೇ. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು ಶೆಡ್ಯೂಲ್ ಎಚ್‌ಗೆ ಸೇರಿಸಿತು. ನಿಯಮ ಬಂದರೂ ಚೀಟಿ ಕೇಳದೆ ಕೊಡುವ ಕೌಂಟರುಗಳು ಇನ್ನೂ ಇವೆ.

ಕೊಳವೆಯೊಳಕ್ಕೆ ಇಳಿಯುವ ಔಷಧಿಗಳು ದುಬಾರಿಯೇನಲ್ಲ, ಹೊಸವೂ ಅಲ್ಲ. ಶೇಕಡ 2.5ರ ಬೆಂಜಾಯಿಲ್ ಪೆರಾಕ್ಸೈಡ್ ಶೇಕಡ 10ರಷ್ಟೇ ಕೆಲಸ ಮಾಡುತ್ತದೆ, ಉರಿ ಕಡಿಮೆ. ದಿಂಬಿನ ಬಟ್ಟೆಯ ಬಣ್ಣ ಹೋಗುತ್ತದೆಂದು ಮೊದಲೇ ತಿಳಿದಿದ್ದರೆ ಒಳ್ಳೆಯದು. ಬಿರಡೆ ಕಟ್ಟುವುದನ್ನೇ ತಡೆಯುವ ಅಡಾಪಲೀನ್ ಜೆಲ್ಲನ್ನು ಕಡಲೆಕಾಳಿನಷ್ಟು ತೆಗೆದು, ರಾತ್ರಿ, ಒಣಗಿದ ಮುಖಕ್ಕೆಲ್ಲ ತೆಳುವಾಗಿ ಹಚ್ಚಬೇಕು, ಬರೀ ಮೊಡವೆಯ ನೆತ್ತಿಗಲ್ಲ. ಮೊದಲ ವಾರಗಳಲ್ಲಿ ಸಿಪ್ಪೆ ಏಳುತ್ತದೆ; ಫಲ ಕಾಣಲು ಎರಡು ಮೂರು ತಿಂಗಳು ಬೇಕು. ಗರ್ಭಿಣಿಯರು ಹಚ್ಚುವಂತಿಲ್ಲ. ಇದನ್ನೆಲ್ಲ ಹೇಳಿಕೊಡಲು ವೈದ್ಯರೇ ಬೇಕು. ಜಿಲ್ಲಾ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗವಿದ್ದರೆ ಹೊರರೋಗಿ ಚೀಟಿ ಮಾಡಿಸಿ ಒಂದು ಬೆಳಗು ಕಾದರಾಯಿತು.

ಕೆಲವರು ಒಂದು ದಿನವನ್ನೂ ಮನೆಮದ್ದಿಗೆ ಕೊಡಬಾರದು. ಮುಟ್ಟಿದರೆ ಆಳದಲ್ಲಿ ಗಂಟಿನಂತೆ ಸಿಗುವ, ನೋಯುವ ಮೊಡವೆಯಿದ್ದವರು. ವಾಸಿಯಾದ ಕಡೆ ಗುಳಿ ಬೀಳುತ್ತಿರುವವರು. ಮೊಡವೆಯ ಜೊತೆಗೆ ಮುಟ್ಟು ತಪ್ಪುತ್ತಿರುವ, ಗದ್ದದ ಮೇಲೆ ಕೂದಲು ಬರುತ್ತಿರುವ ಹೆಣ್ಣುಮಕ್ಕಳು, ಏಕೆಂದರೆ ಅದು ಪಿಸಿಒಡಿ ಎಂಬ ಹಾರ್ಮೋನಿನ ತೊಂದರೆ ಇರಬಹುದು. ಕಪ್ಪುಕಲೆ ಎಷ್ಟು ನಿಧಾನವಾದರೂ ಮಾಸುತ್ತದೆ. ಬಿದ್ದ ಗುಳಿ ತುಂಬುವುದಿಲ್ಲ. ಲೇಸರ್‌ಗೆ ಸಾವಿರಾರು ರೂಪಾಯಿ ಸುರಿದರೂ ಪೂರ್ತಿ ಮೊದಲಿನಂತಾಗುವುದಿಲ್ಲ. ಅಂಥ ಮುಖಕ್ಕೆ ‘ಇನ್ನೊಂದು ಹದಿನೈದು ದಿನ ನೋಡೋಣ’ ಎಂದು ಲೋಳೆಸರ ಸವರುತ್ತಾ ಕೂರುವ ಮನೆಯವರು ಆ ಹದಿನೈದು ದಿನವನ್ನು ವೈದ್ಯರಿಗೆ ಕೊಡಲಿ.