ಶಾಲು, ಹಾರ ಮತ್ತು ಹಾಜರಿ ಪುಸ್ತಕ

ನನ್ನ ಮನೆಯ ಟ್ರಂಕಿನಲ್ಲಿ ಒಂಬತ್ತು ಶಾಲುಗಳಿವೆ. ಒಂದೂ ಚಳಿಗೆ ಆಗಿಬರುವಂಥದಲ್ಲ. ನಮ್ಮ ಯಾದಗಿರಿ ಸೀಮೆಯಲ್ಲಿ ಅಂಥ ಚಳಿಯೂ ಬೀಳುವುದಿಲ್ಲವೆನ್ನಿ. ಎಲ್ಲವೂ ಸನ್ಮಾನದ ಶಾಲುಗಳು. ಶಿಕ್ಷಕರ ದಿನಾಚರಣೆಗೆ ಬಂದವು ಕೆಲವು, ಪ್ರತಿಭಾ ಪುರಸ್ಕಾರದ ಸಭೆಗಳಲ್ಲಿ ಮಕ್ಕಳ ಜತೆಗೆ ಹೋದದ್ದಕ್ಕೆ ಬಂದವು ಕೆಲವು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸೇವಾ ಕ್ಲಬ್ಬುಗಳ ಬಗ್ಗೆ ನಾಲ್ಕು ಕಟುವಾದ ಮಾತು ಬರೆಯಲು ಹೊರಟವಳು ಅವರ ಶಾಲು ಹೊದ್ದು, ಅವರ ಫೋಟೋಕ್ಕೆ ನಕ್ಕು, ಅವರ ಉಪ್ಪಿಟ್ಟು ತಿಂದು ಬಂದವಳೇ.

ಯಾವ ಕ್ಲಬ್ಬು ಎಂದು ಹೆಸರು ಹೇಳುವುದಿಲ್ಲ. ಹೇಳಿ ಪ್ರಯೋಜನವೂ ಇಲ್ಲ. ಯಾದಗಿರಿ, ಶಹಾಪುರ, ಸುರಪುರ ಮೂರೂ ಕಡೆ ಮಾಸ್ತರಿಕೆ ಮಾಡಿದ್ದೇನೆ. ಕ್ಲಬ್ಬಿನವರಿರಲಿ, ಜಾತಿ ಸಂಘದವರಿರಲಿ, ಸಹಕಾರಿ ಬ್ಯಾಂಕಿನವರಿರಲಿ, ಸಭೆಯ ರೀತಿ ಒಂದೇ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಕೆಲವು ವಾರಕ್ಕೆ ಶಾಲೆಗೆ ಒಂದು ಪತ್ರ ಬರುತ್ತದೆ: ಶೇಕಡಾ 90ಕ್ಕಿಂತ ಹೆಚ್ಚು ಅಂಕ ಪಡೆದವರ ಯಾದಿ ಕಳಿಸಿರಿ. ವಿದ್ಯಾರ್ಥಿಯ ಹೆಸರು, ತಂದೆಯ ಹೆಸರು, ಪಡೆದ ಅಂಕ, ಶೇಕಡಾವಾರು, ಷರಾ. ಐದು ಕಾಲಂ. ತಾಯಿಯ ಹೆಸರಿಗೆ ಕಾಲಂ ಇಲ್ಲ. ಷರಾ ಕಾಲಂನಲ್ಲಿ ಏನು ಬರೆಯಬೇಕೆಂದು ಇಷ್ಟು ವರ್ಷದಲ್ಲಿ ನನಗೆ ಯಾರೂ ಹೇಳಿಲ್ಲ.

ಕ್ಲಬ್ಬುಗಳ ವರ್ಷ ಜುಲೈ ಒಂದಕ್ಕೆ ಶುರುವಾಗುವುದರಿಂದ ಪುರಸ್ಕಾರವನ್ನು ಎಷ್ಟೋ ಸಲ ಹೊಸ ಅಧ್ಯಕ್ಷರ ಪದಗ್ರಹಣದ ಜತೆಗೇ ಮುಗಿಸುತ್ತಾರೆ. ಒಮ್ಮೆ ಸುರಪುರದ ಒಂದು ಕಲ್ಯಾಣ ಮಂಟಪದಲ್ಲಿ ನಾನು ಕೈಗಡಿಯಾರ ನೋಡಿ ಲೆಕ್ಕ ಹಾಕಿದೆ. ಬೆಳಿಗ್ಗೆ ಹತ್ತೂವರೆಗೆಂದು ಕರೆದಿದ್ದರು. ಹನ್ನೆರಡೂ ಹತ್ತಕ್ಕೆ ಪ್ರಾರ್ಥನೆ. ಸ್ವಾಗತ, ಪ್ರಾಸ್ತಾವಿಕ, ಹೋದ ವರ್ಷದ ವರದಿ, ಹೊಸಬರ ಪ್ರಮಾಣವಚನ, ವೇದಿಕೆಯ ಮೇಲಿನ ಹದಿನಾಲ್ಕು ಮಂದಿಗೆ ಹಾರ. ಹಾರಕ್ಕೇ ಅರ್ಧ ಗಂಟೆ ಹಿಡಿಯಿತು, ಏಕೆಂದರೆ ಪ್ರತಿ ಹಾರಕ್ಕೂ ಒಬ್ಬ ಹಾಕುವವರು ಬೇಕು, ಅವರ ಹೆಸರನ್ನೂ ಮೈಕಿನಲ್ಲಿ ಕೂಗಬೇಕು. ಕೊನೆಗೆ ಮಕ್ಕಳ ಸರದಿ. ಇಪ್ಪತ್ತಾರು ಮಕ್ಕಳಿಗೆ ಹನ್ನೊಂದು ನಿಮಿಷ. ಒಬ್ಬರಿಗೆ ಅರ್ಧ ನಿಮಿಷವೂ ಬೀಳಲಿಲ್ಲ. ಅದರಲ್ಲೂ ಫೋಟೋದವನು, 'ಇತ್ತ ನೋಡಮ್ಮ, ಸಾಹೇಬರ ಮುಖ ಮುಚ್ಚಬ್ಯಾಡ' ಅಂದದ್ದಕ್ಕೆ ಒಂದಷ್ಟು ಹೋಯಿತು. ಊಟದ ಹೊತ್ತು ಮೀರಿತ್ತು. ಬೆಳಿಗ್ಗೆ ಎಂಟರ ಬಸ್ಸಿಗೆ ಹಳ್ಳಿಯಿಂದ ಬಂದ ಹುಡುಗಿಯರು ಹಿಂದಿನ ಸಾಲಿನಲ್ಲಿ ಕೂತಿದ್ದ ತಾಯಂದಿರ ಕಡೆ ನೋಡುತ್ತಿದ್ದರು.

ಅಂಕ ತೆಗೆದ ಮಕ್ಕಳನ್ನು ಕಂಡು ನನಗೆ ಹೊಟ್ಟೆಕಿಚ್ಚಿಲ್ಲ. ಸರಕಾರಿ ಶಾಲೆಯ ಹುಡುಗಿ, ಒಂದೇ ಕೋಣೆಯ ಮನೆಯಲ್ಲಿ ಓದಿ ತೊಂಬತ್ತು ದಾಟಿದಳೆಂದರೆ ಆಕೆಗೆ ಹಾರ ಹಾಕಲೇಬೇಕು. ಆದರೆ ಆಕೆಗೆ ಹಾರ ಹಾಕುವವರು ಒಬ್ಬರೇ ಅಲ್ಲ. ಅಂಥ ಒಬ್ಬ ಹುಡುಗಿ ಒಂದೇ ಬೇಸಿಗೆಯಲ್ಲಿ ಆರು ಕಡೆ ಸನ್ಮಾನ ಮಾಡಿಸಿಕೊಂಡಳು. ಆಮೇಲೆ ಸಿಕ್ಕಾಗ ನಗುತ್ತಲೇ ಅಂದಳು, 'ಟೀಚರ್, ಆರು ಫಲಕ ಬಂದಾವ್ರಿ. ಪಿಯುಸಿ ಸೈನ್ಸ್ ಪುಸ್ತಕ ಇನ್ನಾ ತಗೊಂಡಿಲ್ಲ.'

ಇನ್ನು ಕ್ಲಬ್ಬಿನವರ ಒಳ್ಳೆಯ ಕೆಲಸವನ್ನೂ ಹೇಳಬೇಕು. ನಾನು ಕಣ್ಣಾರೆ ಕಂಡದ್ದು, ಕೈಯಾರೆ ಮಾಡಿದ್ದು. 1995ರಲ್ಲಿ ನಮ್ಮ ದೇಶದಲ್ಲಿ ಪಲ್ಸ್ ಪೋಲಿಯೋ ಶುರುವಾಯಿತು. ಆಗ ನಾವಿನ್ನೂ ಗುಲಬರ್ಗಾ ಜಿಲ್ಲೆಯಲ್ಲಿದ್ದೆವು. ಯಾದಗಿರಿ ಬೇರೆ ಜಿಲ್ಲೆಯಾದದ್ದು 2009–10ರಲ್ಲಿ. ರೋಟರಿ ಸಂಸ್ಥೆ ಪೋಲಿಯೋ ಕೆಲಸವನ್ನು ಜಗತ್ತಿನ ಮಟ್ಟದಲ್ಲಿ 1985ರಿಂದಲೇ ಹಿಡಿದಿತ್ತು. ಭಾನುವಾರ ಬೂತಿನಲ್ಲಿ ಹನಿ ಹಾಕುವುದು ಸುಲಭದ ಕೆಲಸ. ಅಸಲಿ ಕೆಲಸ ಸೋಮವಾರದಿಂದ. ಮನೆ ಮನೆಗೆ ಹೋಗಬೇಕು. ಎಲ್ಲ ಮಕ್ಕಳಿಗೂ ಹನಿ ಬಿದ್ದ ಮನೆಯ ಗೋಡೆಗೆ 'ಪಿ' ಎಂದು ಬರೆಯಬೇಕು, ಒಂದು ಮಗು ತಪ್ಪಿದರೂ 'ಎಕ್ಸ್'. 'ಎಕ್ಸ್' ಬಿದ್ದ ಮನೆಗೆ ಮತ್ತೆ ಹೋಗಬೇಕು. ಬಸ್ ನಿಲ್ದಾಣ, ರೈಲು ನಿಲ್ದಾಣ, ಇಟ್ಟಂಗಿ ಭಟ್ಟಿ, ಗುಳೆ ಹೋಗುವವರ ಟೆಂಪೋ, ಎಲ್ಲ ಕಡೆ ಹುಡುಕಬೇಕು. ಜೀಪು ಕೊಟ್ಟವರು, ನಮಗೆ ಮಧ್ಯಾಹ್ನದ ಬುತ್ತಿ ಕಳಿಸಿದವರು, ಹನಿ ಹಾಕಿಸಲು ಒಲ್ಲೆನೆಂದ ಮುದುಕಿಯ ಮುಂದೆ ಅಂಗಳದಲ್ಲಿ ಕೂತು ಒಪ್ಪಿಸಿದವರು ಇದೇ ಊರಿನ ಅಂಗಡಿಕಾರರು, ಡಾಕ್ಟರರು, ವಕೀಲರು. 2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ ಕಂಡದ್ದೇ ದೇಶದ ಕೊನೆಯ ಪೋಲಿಯೋ ಪ್ರಕರಣ. 2014ರ ಮಾರ್ಚ್ 27ರಂದು ನಮ್ಮ ದೇಶ ಪೋಲಿಯೋಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಆ ದಿನ ಸ್ಟಾಫ್ ರೂಮಿನಲ್ಲಿ ಸುದ್ದಿ ಓದಿ ನನ್ನ ಕಣ್ಣು ಒದ್ದೆಯಾದದ್ದು ಸುಳ್ಳಲ್ಲ.

ನನ್ನ ತಕರಾರು ಇಲ್ಲಿಂದಲೇ ಹುಟ್ಟಿತು. ಪೋಲಿಯೋದ ಲೆಕ್ಕದಲ್ಲಿ ತಪ್ಪಿಸಿಕೊಂಡ ಮಗುವೇ ಮುಖ್ಯ. ನೂರರಲ್ಲಿ ತೊಂಬತ್ತೆಂಟಕ್ಕೆ ಹನಿ ಬಿದ್ದರೂ ಆ ಎರಡನ್ನು ಹುಡುಕಿಕೊಂಡು ಹೋಗಬೇಕಿತ್ತು. ಓದಿನ ವಿಷಯಕ್ಕೆ ಬಂದಾಗ ಅದೇ ಜನ, ಅದೇ ಊರು, ಲೆಕ್ಕ ಮಾತ್ರ ತಿರುಗಿ ನಿಲ್ಲುತ್ತದೆ. ಮೇಲಿನ ಎರಡನ್ನು ಎಣಿಸಿ ತೊಂಬತ್ತೆಂಟನ್ನು ಮರೆತುಬಿಡುತ್ತೇವೆ. ಬೇರೆ ಜಿಲ್ಲೆಯಲ್ಲಿ ಇದು ನಡೆದೀತು. 2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ಜಿಲ್ಲೆಯಲ್ಲಿ ಶೇ. 94 ಮಕ್ಕಳು ಪಾಸಾದರು; ಅಲ್ಲಿ ಮೇಲಿನವರನ್ನು ಎಣಿಸುತ್ತ ಕೂತರೂ ದೊಡ್ಡ ಅನ್ಯಾಯವಾಗಲಿಕ್ಕಿಲ್ಲ. ನಮ್ಮದು ಶೇ. 50.59. ರಾಜ್ಯಕ್ಕೇ ಕೊನೆಯ ಸ್ಥಾನ. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ. 52ರ ಆಸುಪಾಸು, ಹೆಣ್ಣುಮಕ್ಕಳದು 41. ಹೀಗೆ ಅರ್ಧಕ್ಕರ್ಧ ಗೋಡೆಗಳ ಮೇಲೆ 'ಎಕ್ಸ್' ಇರುವ ಊರಿನಲ್ಲಿ ನಾವು ನಾಲ್ಕು 'ಪಿ'ಗಳಿಗೆ ಹಾರ ಹಾಕಿ ಮನೆಗೆ ಬರುತ್ತೇವೆ.

ಹತ್ತಿಯ ಮಾತು ಹೇಳದೆ ನಮ್ಮ ಕಡೆಯ ಹಾಜರಿ ಪುಸ್ತಕ ಅರ್ಥವಾಗುವುದಿಲ್ಲ. ದೀಪಾವಳಿ ಆದಮೇಲೆ ಶಹಾಪುರ ತಾಲೂಕಿನ ಹೊಲಗಳು ಬೆಳ್ಳಗಾಗುತ್ತವೆ, ನಮ್ಮ ಹಾಜರಿ ಪುಸ್ತಕ ಕೆಂಪಾಗುತ್ತದೆ. ಹತ್ತಿ ಬಿಡಿಸಲಿಕ್ಕೆ ಹುಡುಗಿಯರ ಬೆರಳೇ ಬೇಕಂತೆ. ಕಿಲೋಕ್ಕೆ ಇಷ್ಟು ಎಂದು ಕೂಲಿ. ಅಂಥ ಒಂದು ಹಳ್ಳಿಯ ಶಾಲೆಯಲ್ಲಿ ಹತ್ತನೆಯ ತರಗತಿಯ ಒಬ್ಬ ಹುಡುಗಿ ನವೆಂಬರಿನಿಂದ ಎರಡು ತಿಂಗಳು ಬರಲಿಲ್ಲ. ತಂದೆ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದವನು. ನಾನೇ ಮನೆಗೆ ಹೋದೆ. ತಾಯಿ, 'ಕಳಸ್ತೀನ್ರಿ ಅಕ್ಕೋರ, ಹತ್ತಿ ಮುಗೀಲಿ' ಅಂದಳು. ಸಂಕ್ರಾಂತಿ ಆದಮೇಲೆ ಹುಡುಗಿ ನಿಜವಾಗಿ ಬಂದಳು. ಇದು ಅಪರೂಪ; ಹೋದವರು ಬರುವುದಿಲ್ಲ. ಹತ್ತಿಕಾಯಿಯ ಮುಳ್ಳು ತಾಗಿ ಉಗುರಿನ ಸಂದಿಯೆಲ್ಲ ಒಡೆದಿತ್ತು, ಪೆನ್ನು ಹಿಡಿದರೆ ನೋವಾಗುತ್ತಿತ್ತು. ಗಣಿತದಲ್ಲಿ ನಪಾಸಾಗಿ, ಪೂರಕ ಪರೀಕ್ಷೆ ಕಟ್ಟಿ, ಶೇಕಡಾ 41 ತೆಗೆದಳು. ಆ ಕೇರಿಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ಮೊದಲ ಹೆಣ್ಣುಮಗಳು.

ಆ ವರ್ಷದ ಯಾದಿಯಲ್ಲಿ ತೊಂಬತ್ತು ದಾಟಿದ ಇಬ್ಬರ ಕೆಳಗೆ ಆಕೆಯ ಹೆಸರನ್ನೂ ಬರೆದೆ. ಷರಾ ಕಾಲಂನಲ್ಲಿ ಸಣ್ಣ ಅಕ್ಷರದಲ್ಲಿ ಕಾರಣ ಕೊಟ್ಟೆ. ಮೂರನೆಯ ದಿನ ಕ್ಲಬ್ಬಿನ ಕಾರ್ಯದರ್ಶಿಗಳ ಫೋನು ಬಂತು. ಬಹಳ ಮರ್ಯಾದಸ್ಥರು. 'ಟೀಚರ್, ನಿಮ್ಮ ಮಾತು ಖರೆ ಅದ್ರಿ. ಆದ್ರ ರೂಲ್ಸ್ ತೊಂಬತ್ತಂತ ಅದ. ನಲವತ್ತೊಂದರವರನ್ನ ಸ್ಟೇಜಿಗೆ ಕರದ್ರ ರೊಕ್ಕ ಕೊಟ್ಟವ್ರು ಏನಂತಾರ್ರಿ?' ನಾನು ಸುಮ್ಮನಾದೆ. ಆ ಸಲದ ಮುಖ್ಯ ದಾನಿಗಳು ಹತ್ತಿ ವ್ಯಾಪಾರದವರು. ಆಕೆ ಬಿಡಿಸಿದ ಹತ್ತಿ ಅವರ ತಕ್ಕಡಿಗೆ ಬಂದಿರಬಹುದು, ಬರದೆಯೂ ಇರಬಹುದು.

ರೊಕ್ಕ ಕೊಟ್ಟವರು ಎಂದರಲ್ಲ, ಆ ರೊಕ್ಕದ ಮಾತಿಗೂ ಬರಬೇಕು. ದಾನಿಗಳೆಂದು ಫ್ಲೆಕ್ಸಿನಲ್ಲಿ ಫೋಟೋ ಹಾಕಿಸಿಕೊಂಡವರು ಕೊಟ್ಟದ್ದು ನಿಜ. ಅಷ್ಟೇ ಸಾಲದೆ ಕ್ಲಬ್ಬುಗಳು ಕೂಪನ್ ಅಚ್ಚು ಹಾಕಿಸುತ್ತವೆ. ಒಂದು ವರ್ಷ ನಮ್ಮ ಶಾಲೆಗೆ ಅಂಥ ಕಟ್ಟು ಬಂತು. ಪುಸ್ತಕವೊಂದಕ್ಕೆ ಹತ್ತು ಕೂಪನ್, ಕೂಪನ್ನಿಗೆ ಹತ್ತು ರೂಪಾಯಿ, ಲಾಟರಿ ಎತ್ತಿ ಮೊದಲ ಬಹುಮಾನ ಮಿಕ್ಸರ್. ಮುಖ್ಯೋಪಾಧ್ಯಾಯರು ನನಗೆ ಒಪ್ಪಿಸಿದರು, ನಾನು ಎಂಟನೆಯ ತರಗತಿಯ ಮಕ್ಕಳಿಗೆ ಒಂದೊಂದು ಪುಸ್ತಕ ಹಂಚಿದೆ. ಬೇಡವೆನ್ನಬಹುದಿತ್ತು, ಅನ್ನಲಿಲ್ಲ. ಎರಡು ದಿನಕ್ಕೇ ಒಬ್ಬ ಹುಡುಗ ನೂರು ರೂಪಾಯಿ ತಂದಿಟ್ಟ. ಎಲ್ಲರಿಗಿಂತ ಮೊದಲು! ಪ್ರಾರ್ಥನೆಯ ಹೊತ್ತಿನಲ್ಲಿ ಅವನನ್ನು ಮುಂದೆ ನಿಲ್ಲಿಸಿ ಚಪ್ಪಾಳೆ ಹೊಡೆಸಿದೆ. ಹುಡುಗ ತಲೆ ತಗ್ಗಿಸಿಕೊಂಡೇ ನಿಂತಿದ್ದ, ನಾಚಿಕೆಯೆಂದು ತಿಳಿದೆ. ತಿಂಗಳಾದ ಮೇಲೆ ಸಂತೆಯಲ್ಲಿ ಅವನ ಅವ್ವ ಸಿಕ್ಕಳು. ಕೂಪನ್ನು ಯಾರೂ ಕೊಳ್ಳಲಿಲ್ಲ. ತುಂಬಿಸಿಕೊಂಡು ಬರದಿದ್ದರೆ ಟೀಚರ್ ಬೈತಾರ ಅಂತ ಹುಡುಗ ಅತ್ತಿದ್ದಾನೆ. ಆಕೆ ಮೊಟ್ಟೆ ಇಡುವ ಕೋಳಿಯನ್ನು ಮಾರಿ ನೂರು ರೂಪಾಯಿ ಕೊಟ್ಟಿದ್ದಾಳೆ. 'ಮಿಕ್ಸರ್ ಯಾರಿಗಿ ಬಂತ್ರಿ ಅಕ್ಕೋರ?' ಎಂದು ಕೇಳಿದಳು. ಅವಳ ಮನೆಯಲ್ಲಿ ಆಗ ಕರೆಂಟು ಇರಲಿಲ್ಲ. ಅದೇ ನಿಧಿಯಿಂದ ಆ ವರ್ಷದ ಶಾಲು, ಫಲಕ, ಊಟ ಎಲ್ಲ ನಡೆಯಿತು. ಒಂಬತ್ತರಲ್ಲಿ ಒಂದು ಶಾಲು ಆ ವರ್ಷದ್ದು. ಯಾವುದೆಂದು ನನಗೆ ಗೊತ್ತಿದೆ.

ಕೊಡುವ ರೀತಿ ನಮ್ಮ ನೆಲಕ್ಕೆ ಹೊಸದಲ್ಲ. ಅಬ್ಬೆತುಮಕೂರಿನ ಮಠದಲ್ಲಿ, ತಿಂಥಣಿಯ ಮೌನೇಶ್ವರನ ಜಾತ್ರೆಯಲ್ಲಿ ಜೋಳದ ಚೀಲ ಇಳಿಸಿದವನೂ ಬರಿಗೈಲಿ ಬಂದವಳೂ ಒಂದೇ ಪಂಕ್ತಿಯಲ್ಲಿ ಉಂಡು ಏಳುವುದನ್ನು ಚಿಕ್ಕಂದಿನಿಂದ ನೋಡಿದ್ದೇವೆ. ಯಾರ ಚೀಲದ ಜೋಳ ಯಾರ ರೊಟ್ಟಿಯಾಯಿತೆಂದು ಕೇಳಿದವರಿಲ್ಲ. (ಈಗೀಗ ಜಾತ್ರೆಗಳಲ್ಲೂ ಫ್ಲೆಕ್ಸು ಬಂದಿದೆ, ಆ ಮಾತು ಬೇರೆ.) ರೋಟರಿ 1905ರಲ್ಲಿ, ಲಯನ್ಸ್ 1917ರಲ್ಲಿ, ಎರಡೂ ಅಮೆರಿಕದ ಶಿಕಾಗೋ ನಗರದಲ್ಲಿ ಹುಟ್ಟಿದವು. ದೂರದಿಂದ ಬಂದವೆಂದು ನಾನು ಹಳಿಯುವುದಿಲ್ಲ. ಅವರಲ್ಲೂ ಒಳ್ಳೆಯ ಮಾತಿದೆ. ರೋಟರಿಯವರು ನಾಲ್ಕು ಪ್ರಶ್ನೆಗಳ ಒಂದು ಪರೀಕ್ಷೆ ಇಟ್ಟುಕೊಂಡಿದ್ದಾರೆ. 1932ರಲ್ಲಿ, ದಿವಾಳಿಯ ಅಂಚಿಗೆ ಬಂದಿದ್ದ ಒಂದು ಅಲ್ಯೂಮಿನಿಯಂ ಪಾತ್ರೆ ಕಂಪನಿಯನ್ನು ಎತ್ತಿ ನಿಲ್ಲಿಸಲು ಹರ್ಬರ್ಟ್ ಟೇಲರ್ ಎಂಬವರು ಬರೆದದ್ದು. ನಮ್ಮ ಸುರಪುರದವರಿಗೆ ಟೇಲರ್ ಎಂದರೆ ಗುಡ್ಡದ ಮೇಲೆ ಮಂಜಿಲ್ ಕಟ್ಟಿಸಿದ ಮೆಡೋಸ್ ಟೇಲರ್ ಒಬ್ಬನೇ; ಈ ಟೇಲರ್ ಬೇರೆ. ಈತನ ಎರಡನೆಯ ಪ್ರಶ್ನೆ, ನಾವು ಮಾಡುವ ಕೆಲಸ ಸಂಬಂಧಪಟ್ಟವರೆಲ್ಲರಿಗೂ ನ್ಯಾಯವಾಗಿದೆಯೇ ಎಂಬುದು. ಸಂಬಂಧಪಟ್ಟವರಲ್ಲಿ ಕೋಳಿ ಮಾರಿದವಳೂ ಬರುತ್ತಾಳೆ ಎಂದು ನಾನು ಓದಿಕೊಳ್ಳುತ್ತೇನೆ.

ಆ 41ರ ಹುಡುಗಿಯ ಸಂಗತಿಯನ್ನು ಆಮೇಲೊಂದು ದಿನ ಕ್ಲಬ್ಬಿನ ಒಬ್ಬ ಸದಸ್ಯರಿಗೆ ಅವರ ಅಂಗಡಿಯಲ್ಲಿ ನಿಂತೇ ಹೇಳಿದೆ. ಬೀಜ ಗೊಬ್ಬರದ ಅಂಗಡಿ. ಅವರು ಏನೂ ಅನ್ನಲಿಲ್ಲ. ಮುಂದಿನ ವರ್ಷ ಫಲಿತಾಂಶ ಬಂದ ವಾರ ಅಂಗಡಿಯ ಹುಡುಗನ ಕೈಲಿ ಒಂದು ಲಕೋಟೆ ಬಂತು. ನಪಾಸಾದ ಏಳು ಮಕ್ಕಳ ಪೂರಕ ಪರೀಕ್ಷೆಯ ಶುಲ್ಕ, ಜತೆಗೆ ಬಸ್ಸಿನ ಖರ್ಚು. ಹೆಸರು ಹೇಳಬಾರದೆಂದು ಚೀಟಿ. ಏಳರಲ್ಲಿ ನಾಲ್ವರು ಪಾಸಾದರು. ಕ್ಲಬ್ಬಿನ ಆ ವರ್ಷದ ವರದಿಯಲ್ಲಿ ಇದು ಬರಲಿಲ್ಲ; ಫೋಟೋ ಇರಲಿಲ್ಲವಲ್ಲ. ಉಳಿದ ಸದಸ್ಯರಿಗೆ ಇಂದಿಗೂ ಗೊತ್ತಿದೆಯೋ ಇಲ್ಲವೋ. ನಾನು ಕ್ಲಬ್ಬುಗಳಿಂದ ಬಯಸುವುದು ಇದಕ್ಕಿಂತ ಬಹಳ ದೊಡ್ಡದೇನಲ್ಲ. ಹದಿನಾಲ್ಕು ಹಾರದ ದುಡ್ಡಿನಲ್ಲಿ ಎಷ್ಟು ಮಕ್ಕಳ ಪರೀಕ್ಷೆಯ ಶುಲ್ಕವಾಗುತ್ತದೆಂದು ಹೂವಿನವನನ್ನು ಕೇಳಿದರೂ ಹೇಳಿಯಾನು. ಜನವರಿಯಲ್ಲಿ ಒಂದು ದಿನ, ಪೋಲಿಯೋ ಕಾಲದಲ್ಲಿ ಬಂದಂತೆ, ನಮ್ಮ ಜತೆ ನಾಲ್ಕು ಮನೆಗೆ ಬರಲಿ. ಅಕ್ಕೋರು ಕರೆದರೆ ಬರದ ಹುಡುಗಿ, ಊರಿನ ಸಾಹುಕಾರರೇ ಅಂಗಳಕ್ಕೆ ಬಂದು ನಿಂತರೆ ಬಂದಾಳು. ಕೂಪನ್ ಪುಸ್ತಕವನ್ನು ಮಾತ್ರ ಮಕ್ಕಳ ಕೈಗೆ ಕೊಡುವುದು ಬೇಡ.

ಈ ವರ್ಷದ ಪತ್ರವೂ ಬಂದು ಮೇಜಿನ ಮೇಲಿದೆ. ಮತ್ತೆ ಅದೇ ಐದು ಕಾಲಂ. ತೊಂಬತ್ತು ದಾಟಿದವರು ನಮ್ಮಲ್ಲಿ ಮೂವರಿದ್ದಾರೆ, ಬರೆದಿದ್ದೇನೆ. ಕೆಳಗೆ ಗೆರೆಗಳು ಖಾಲಿ ಇದ್ದವು. ಹಾಜರಿ ಪುಸ್ತಕ ತರಿಸಿ, ನವೆಂಬರಿನಲ್ಲಿ ಹೋಗಿ ಜನವರಿಯಲ್ಲಿ ತಿರುಗಿ ಬಂದವರ ಹೆಸರು ಹುಡುಕಿದೆ. ಐದು ಸಿಕ್ಕವು. ಅವನ್ನೂ ಬರೆದು, ತಂದೆಯ ಹೆಸರಿನ ಕಾಲಂನಲ್ಲಿ ತಾಯಿಯ ಹೆಸರು ಹಾಕಿ, ಷರಾದಲ್ಲಿ 'ಹತ್ತಿ ಮುಗಿದ ಮೇಲೆ ಬಂದವರು' ಎಂದು ನಮೂದಿಸಿ, ಮುಖ್ಯೋಪಾಧ್ಯಾಯರ ಸಹಿಗೆ ಇಟ್ಟಿದ್ದೇನೆ. ಅವರು ಕನ್ನಡಕ ತೆಗೆದು ಒಮ್ಮೆ ನನ್ನ ಮುಖ ನೋಡಿದರು. ಸಹಿ ಇನ್ನೂ ಆಗಿಲ್ಲ.