ಜೈನ ವೈದ್ಯಗ್ರಂಥಗಳ ಮೂಲಿಕಾನಾಮಗಳು: ಪಾಠಸಂಪಾದನೆಯ ಒಂದು ಸಮಸ್ಯೆ

ಆಯುರ್ವೇದಕ್ಕೆ ಜೈನಾಚಾರ್ಯರು ಸಲ್ಲಿಸಿದ ಸೇವೆಯನ್ನು ಕುರಿತು ಈವರೆಗೆ ಬಂದಿರುವ ಲೇಖನಗಳು ಬಹುಮಟ್ಟಿಗೆ ಒಂದೇ ದಾರಿಯಲ್ಲಿ ನಡೆದಿವೆ. ದ್ವಾದಶಾಂಗದ ದೃಷ್ಟಿವಾದದಲ್ಲಿ ಅಡಕವಾದ ಹದಿನಾಲ್ಕು ಪೂರ್ವಗಳಲ್ಲಿ ಹನ್ನೆರಡನೆಯದಾದ ಪ್ರಾಣಾವಾಯದಿಂದ ಅವು ಆರಂಭವಾಗುತ್ತವೆ. ಅನಂತರ ಉಗ್ರಾದಿತ್ಯಾಚಾರ್ಯನು ತನ್ನ ಕಲ್ಯಾಣಕಾರಕದಲ್ಲಿ ಹೆಸರಿಸಿದ ಪೂರ್ವಾಚಾರ್ಯರ ಪರಂಪರೆ ಬರುತ್ತದೆ: ಶಾಲಾಕ್ಯಕ್ಕೆ ಪೂಜ್ಯಪಾದ, ಶಲ್ಯತಂತ್ರಕ್ಕೆ ಪಾತ್ರಸ್ವಾಮಿ, ವಿಷೋಗ್ರಗ್ರಹಶಮನಕ್ಕೆ ಸಿದ್ಧಸೇನ, ಕಾಯಚಿಕಿತ್ಸೆಗೆ ದಶರಥಗುರು, ಬಾಲಚಿಕಿತ್ಸೆಗೆ ಮೇಘನಾದ. ಕನ್ನಡಕ್ಕೆ ಬಂದರೆ ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ, ಕೀರ್ತಿವರ್ಮನ ಗೋವೈದ್ಯ, ಅಮೃತನಂದಿಯ ವೈದ್ಯನಿಘಂಟು, ಮಂಗರಾಜನ ಖಗೇಂದ್ರಮಣಿದರ್ಪಣ, ಶ್ರೀಧರದೇವನ ವೈದ್ಯಾಮೃತ ಎಂದು ಪಟ್ಟಿ ಬೆಳೆಯುತ್ತದೆ. ಕಾಲನಿರ್ಣಯ, ಗುರುಪರಂಪರೆ, ಆಶ್ರಯದಾತರ ವಿಚಾರಗಳಲ್ಲಿ ಆಗಿರುವ ಕೆಲಸ ಸಾಮಾನ್ಯವಾದುದಲ್ಲ. ರಾಷ್ಟ್ರಕೂಟ ನೃಪತುಂಗನ ಸಭೆಯಲ್ಲಿ ಉಗ್ರಾದಿತ್ಯನು ಮಾಂಸದ ನಿಷ್ಪ್ರಯೋಜಕತ್ವವನ್ನು ಪ್ರತಿಪಾದಿಸಿದ ಪ್ರಸಂಗವಂತೂ ಎಷ್ಟೋ ಸಲ ಉದ್ಧೃತವಾಗಿದೆ.

ಆದರೆ ಈ ಗ್ರಂಥಗಳ ಪದ್ಯಪದ್ಯದಲ್ಲಿಯೂ ತುಂಬಿರುವ ಬೇರು, ತೊಗಟೆ, ಎಲೆ, ಹೂ, ಕಾಯಿಗಳ ಹೆಸರುಗಳು ಯಾವ ಗಿಡಕ್ಕೆ ಸಲ್ಲುತ್ತವೆ ಎಂಬ ಪ್ರಶ್ನೆಗೆ ಸಿಕ್ಕಿರುವ ಗಮನ ಅತ್ಯಲ್ಪ. ಕಾವ್ಯದಲ್ಲಿ ಒಂದು ಹೂವಿನ ಹೆಸರು ತಪ್ಪಿದರೆ ರಸಕ್ಕೆ ಅಷ್ಟಿಷ್ಟು ಹಾನಿ. ವೈದ್ಯಗ್ರಂಥದಲ್ಲಿ ತಪ್ಪಿದರೆ ಹಾನಿ ಯಾರಿಗೆಂದು ಬಿಡಿಸಿ ಹೇಳಬೇಕಾಗಿಲ್ಲ. ವೈದ್ಯಗ್ರಂಥದ ಸಂಪಾದನೆಗೆ ಪುರಾಣದ ಅಥವಾ ಚಂಪುವಿನ ಸಂಪಾದನೆಯ ನಿಯಮಗಳಷ್ಟೇ ಸಾಲವು ಎಂಬುದು ಇಲ್ಲಿಯ ಪ್ರತಿಪಾದ್ಯ ವಿಷಯ.

ಈ ಗ್ರಂಥಗಳ ಸ್ವರೂಪವೇ ಸಮಸ್ಯೆಯ ಮೂಲ. ಒಂದು ಕಷಾಯಕ್ಕೆ ಬೇಕಾದ ಏಳೆಂಟು ದ್ರವ್ಯಗಳನ್ನು ಒಂದು ವೃತ್ತದಲ್ಲಿಯೋ ಕಂದದಲ್ಲಿಯೋ ಸಮಾಸಗೂಡಿಸಿ ಹೇಳಿ ಕವಿಯು ಮುಂದೆ ಸಾಗುತ್ತಾನೆ. ಗಿಡದ ಎತ್ತರ, ಎಲೆಯ ಜೋಡಣೆ, ಹೂಬಿಡುವ ಕಾಲ, ಬೆಳೆಯುವ ನೆಲ ಇವೊಂದನ್ನೂ ಹೇಳುವುದಿಲ್ಲ. ಇದನ್ನು ಗ್ರಂಥಕಾರನ ದೋಷವೆನ್ನಲಾಗದು. ಗಿಡವನ್ನು ತೋರಿಸಿಕೊಡುವ ಗುರುವೊಬ್ಬನು ಶಿಷ್ಯನ ಬಳಿಯಲ್ಲಿದ್ದಾನೆಂದು ಭಾವಿಸಿಯೇ ಪದ್ಯ ರಚಿತವಾಗಿದೆ. ಪದ್ಯವು ನೆನಪಿಗೆ, ಗಿಡವು ಕಣ್ಣಿಗೆ. ಓಲೆ ಉಳಿದು ಗುರುವಿನ ಪರಂಪರೆ ಕಡಿದಾಗ ಅರ್ಧ ಗ್ರಂಥವಷ್ಟೇ ಉಳಿದಂತೆ.

ಬ್ರಾಹ್ಮೀ ಎಂಬ ಪ್ರಸಿದ್ಧ ನಾಮವನ್ನೇ ನೋಡಬಹುದು. ಕನ್ನಡನಾಡಿನ ಅನೇಕ ಮನೆಗಳಲ್ಲಿ ಬ್ರಾಹ್ಮಿಯೆಂದರೆ ಒಂದೆಲಗ, ತುಳುವರ ತಿಮರೆ. ತಂಬುಳಿಗೆ ಅರೆಯುವ ದುಂಡೆಲೆಯ ಹಬ್ಬುಗಿಡ. ಇತರ ಕಡೆಗಳಲ್ಲಿ ಬ್ರಾಹ್ಮಿಯೆಂದರೆ ನೀರುಬ್ರಾಹ್ಮಿ. ಜೌಗುನೆಲದ, ಸಣ್ಣ ದಪ್ಪ ಎಲೆಯ ಬೇರೊಂದು ಸಸ್ಯ. ಇವೆರಡು ಒಂದೇ ಕುಲಕ್ಕೂ ಸೇರಿದವಲ್ಲ. ಸಂಸ್ಕೃತ ನಿಘಂಟುಗಳು ಒಂದೆಲಗಕ್ಕೆ ಮಂಡೂಕಪರ್ಣೀ ಎಂಬ ಪ್ರತ್ಯೇಕ ನಾಮವನ್ನು ಕೊಟ್ಟರೂ ರೂಢಿಯಲ್ಲಿ ಇವು ಬೆರೆತುಹೋಗಿವೆ. ಶಂಖಪುಷ್ಪಿಯ ಗತಿಯೂ ಇದೇ: ಕೆಲವರಿಗೆ ಅದು ನೆಲದ ಮೇಲೆ ಹರಡುವ ವಿಷ್ಣುಕ್ರಾಂತಿ, ಕೇರಳದವರಿಗೆ ಬೇಲಿಗೆ ಹಬ್ಬುವ ನೀಲಿಹೂವಿನ ಬಳ್ಳಿ. ಕಿರಾತತಿಕ್ತವು ಹಿಮಾಲಯದ ಗಿಡ. ದಕ್ಷಿಣದಲ್ಲಿ ಆ ಸ್ಥಾನದಲ್ಲಿ ನೆಲಬೇವು ಬಳಕೆಗೆ ಬಂದಿದೆ. ಹೀಗಿರುವಾಗ ಕರಾವಳಿಯ ಓಲೆಯೊಂದರಲ್ಲಿ ಬ್ರಾಹ್ಮಿ ಎಂದಿದ್ದಲ್ಲಿ ಅನುವಾದಕನು ಕೋಶವನ್ನು ತೆರೆದು ಅರ್ಥ ಬರೆದರೆ, ಆ ಅರ್ಥ ಕೋಶಕಾರನ ನಾಡಿನದಾದೀತೇ ಹೊರತು ಓಲೆ ಬರೆದವನದಲ್ಲ.

ಲಿಪಿಯಿಂದ ಹುಟ್ಟುವ ತೊಡಕುಗಳು ಇನ್ನೊಂದು ಬಗೆ. ಪಾಠಾ, ಪಾಟಲಾ, ಪಟೋಲ ಎಂಬ ಮೂರು ದ್ರವ್ಯನಾಮಗಳು ವೈದ್ಯಗ್ರಂಥಗಳಲ್ಲಿ ಪದೇ ಪದೇ ಬರುತ್ತವೆ. ಮೊದಲನೆಯದು ಬಳ್ಳಿ, ನಮ್ಮಲ್ಲಿ ಹಾಡೆಬಳ್ಳಿ. ಎರಡನೆಯದು ಮರ, ದಶಮೂಲದಲ್ಲಿ ಸೇರುವ ಪಾದರಿ. ಮೂರನೆಯದು ಕಹಿಯಾದ ಕಾಡುಪಡವಲ. ಓಲೆಯ ಅಂಚು ಮುರಿದು, ದೀರ್ಘದ ಗುರುತು ಮಾಸಿ, ಠಕಾರದ ಚುಕ್ಕೆ ಅಳಿದಿದ್ದರೆ ಮೂರೂ ಒಂದರ ಬೆನ್ನಿಗೆ ಒಂದು ನಿಲ್ಲುತ್ತವೆ. ಇಲ್ಲಿ ಛಂದಸ್ಸು ಸಹಾಯಕ್ಕೆ ಬರುವುದೆಂದು ಸಂಪಾದಕರು ನಂಬುವುದು ಸಹಜ. ಅಕ್ಷರವೃತ್ತದಲ್ಲಿ ಆ ನಂಬಿಕೆ ಸಾಧುವೇ. ಕಂದದಲ್ಲಿ ಅಷ್ಟು ನಿಶ್ಚಿಂತೆಯಿಲ್ಲ. ಪಾಟಲಾ ಐದು ಮಾತ್ರೆಯದಾದುದರಿಂದ ಬೇರೆಯಾಗಿ ನಿಲ್ಲುತ್ತದೆ; ಆದರೆ ಪಾಠಾ ನಾಲ್ಕು ಮಾತ್ರೆ, ಪಟೋಲವೂ ನಾಲ್ಕು ಮಾತ್ರೆ. ಪದವು ಗಣದೊಡನೆ ಸರಿಯಾಗಿ ಕೂಡಿ ಬಂದಾಗ ಪಟೋಲವು ಜಗಣವಾಗುವುದರಿಂದ ವಿಷಮಸ್ಥಾನದಲ್ಲಿ ನಿಲ್ಲಲಾರದು. ಆರನೆಯ ಗಣದಲ್ಲಿ ಪಾಠಾ ನಿಲ್ಲಲಾರದು. ಎರಡನೆಯ, ನಾಲ್ಕನೆಯ ಗಣಗಳಲ್ಲಿ ಛಂದಸ್ಸು ಮೌನ ತಾಳುತ್ತದೆ. ಅಲ್ಲಿ ನಿರ್ಣಯಿಸಬೇಕಾದುದು ರೋಗ, ದೋಷ, ಯೋಗದ ಇತರ ದ್ರವ್ಯಗಳು. ಎಂದರೆ ವೈದ್ಯನ ಅರಿವು.

ಜೈನ ಗ್ರಂಥಗಳಿಗೇ ವಿಶಿಷ್ಟವಾದ ತೊಡಕೊಂದಿದೆ. ಅದನ್ನು ಸ್ವಲ್ಪ ವಿಸ್ತರಿಸಿ ನೋಡುವುದು ಉಚಿತ. ಸಮಂತಭದ್ರಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ಅಲ್ಪಫಲ ಬಹುವಿಘಾತದ ಕಾರಣದಿಂದ ತ್ಯಾಜ್ಯವೆಂದು ಹೇಳಿದವುಗಳಲ್ಲಿ ಹಸಿಶುಂಠಿಯೂ ಬೇವಿನ ಹೂವೂ ಸೇರಿವೆ. ಒಣಶುಂಠಿಗೆ ಈ ಬಾಧೆಯಿಲ್ಲ. ಈಗ ಒಂದು ಪ್ರಯೋಗದ ಪದ್ಯದಲ್ಲಿ ಒಂದು ಪ್ರತಿ ಆರ್ದ್ರಕ ಎಂದೂ ಇನ್ನೊಂದು ಪ್ರತಿ ಶುಂಠೀ ಎಂದೂ ಓದುತ್ತದೆಂದು ಇಟ್ಟುಕೊಳ್ಳೋಣ. ಎರಡೂ ನಾಲ್ಕು ಮಾತ್ರೆಯವು. ಒಂದು ಭಗಣ, ಒಂದು ಗುರುದ್ವಯ. ಆರನೆಯ, ಎಂಟನೆಯ ಗಣಗಳನ್ನುಳಿದು ಕಂದದ ಯಾವ ಗಣದಲ್ಲಿಯೂ ಎರಡೂ ಸಲ್ಲುತ್ತವೆ. ಜೈನಗ್ರಂಥವಾದುದರಿಂದ ಶುಂಠೀ ಎಂಬುದೇ ಮೂಲಪಾಠವೆಂದು ನಿರ್ಣಯಿಸುವುದು ಸುಲಭ, ಶ್ರದ್ಧೆಗೂ ಹಿತ. ಆದರೆ ಆಚಾರವಂತನಾದ ಲಿಪಿಕಾರನೇ ಆರ್ದ್ರಕವನ್ನು ತಿದ್ದಿ ಶುಂಠೀ ಎಂದು ಬರೆದಿರಬಾರದೇಕೆ? ಕ್ಲಿಷ್ಟಪಾಠವೇ ಮೂಲಕ್ಕೆ ಹತ್ತಿರವೆಂಬ ಸಂಪಾದನಾ ಸೂತ್ರವನ್ನು ಇಲ್ಲಿ ಅನ್ವಯಿಸಿದರೆ ಫಲಿತಾಂಶ ತಿರುಗಿಬೀಳುತ್ತದೆ.

ನಿರ್ಣಯಕ್ಕೆ ದಾರಿಯಿಲ್ಲವೆಂದಲ್ಲ. ಯೋಗದಲ್ಲಿ ರಸವನ್ನು ಹಿಂಡಬೇಕೆಂದಿದ್ದರೆ ಒಣಶುಂಠಿಯಿಂದ ರಸ ಬಾರದು. ಚೂರ್ಣವೆಂದಿದ್ದರೆ ಹಸಿಶುಂಠಿ ಹೊಂದದು. ರಸವೆಂದೂ ಇದ್ದು ಶುಂಠೀ ಎಂದೂ ಇರುವ ಪ್ರತಿಯಲ್ಲಿ ಯಾರದೋ ಕೈ ಆಡಿದೆಯೆಂದು ಶಂಕಿಸಲು ಆಧಾರ ದೊರೆಯುತ್ತದೆ. ಇಷ್ಟನ್ನು ತಿಳಿಯಲು ವ್ಯಾಕರಣ ಸಾಲದು, ಕಲ್ಬತ್ತಿನ ಪರಿಚಯ ಬೇಕು. ಆರ್ದ್ರಕವೇ ಮೂಲಪಾಠವೆಂದು ಸಿದ್ಧವಾದರೂ ಆಚಾರಕ್ಕೆ ಅದರಿಂದ ಕುಂದಿಲ್ಲ. ಶ್ರಾವಕನ ನಿತ್ಯಾಹಾರದ ನಿಯಮವೂ ರೋಗಿಯ ಚಿಕಿತ್ಸೆಯ ವಿಧಿಯೂ ಎಲ್ಲಿ ಕೂಡುತ್ತವೆ, ಎಲ್ಲಿ ಬೇರೆಯಾಗುತ್ತವೆ ಎಂಬುದು ಪಂಡಿತರು ಚರ್ಚಿಸಬೇಕಾದ ಪ್ರಶ್ನೆ. ಪಾಠವನ್ನು ಮೊದಲೇ ತಿದ್ದಿ ಆ ಪ್ರಶ್ನೆಯನ್ನು ಅಡಗಿಸುವುದು ಸಲ್ಲದು.

ಮಧುವಿನ ವಿಷಯವೂ ಹೀಗೆಯೇ ಸೂಕ್ಷ್ಮವಾದುದು. ಸೋಮನಾಥನ ಕೃತಿ ಮದ್ಯ ಮಾಂಸ ಮಧುಗಳನ್ನು ವರ್ಜಿಸಿದ ಚಿಕಿತ್ಸೆಯೆಂದು ಪ್ರಸಿದ್ಧ. ಇಂತಹ ಗ್ರಂಥದ ಪ್ರತಿಯೊಂದರಲ್ಲಿ ಮಧು ಎಂಬ ಅಕ್ಷರಗಳು ಕಂಡರೆ ಅದು ಪ್ರಕ್ಷಿಪ್ತವೆಂದು ತಳ್ಳುವ ಮೊದಲು ಮಧುಕವಿರಬಹುದೇ ಎಂದು ನೋಡಬೇಕು, ಮಧುಕವೆಂದರೆ ಯಷ್ಟಿಮಧು. ದೀರ್ಘವಾದರೆ ಮಧೂಕ, ಹಿಪ್ಪೆಯ ಮರ. ಇಲ್ಲಿ ಮಾತ್ರ ಮಾತ್ರಾಗಣನೆ ಬಹುಮಟ್ಟಿಗೆ ಕೈಹಿಡಿಯುತ್ತದೆ.

ಓಲೆಯ ಹೊರಗೆ ಗಿಡದ ಗುರುತು ಹೇಗೆ ಉಳಿದುಬಂದಿದೆ ಎಂಬುದಕ್ಕೆ ತುಳುನಾಡಿನ ಆಟಿ ಅಮಾವಾಸ್ಯೆಯ ಆಚರಣೆ ಉತ್ತಮ ನಿದರ್ಶನ. ಅಂದು ನಸುಕಿನಲ್ಲಿ ಹಾಲೆಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತೆಗೆದು ತಂದು ಕಷಾಯ ಮಾಡಿ ಬರಿಹೊಟ್ಟೆಯಲ್ಲಿ ಕುಡಿಯುವ ರೂಢಿಯಿದೆ. ಸಂಸ್ಕೃತದ ಸಪ್ತಪರ್ಣವೇ ಈ ಹಾಲೆ, ತುಳುವಿನ ಪಾಲೆ. ಕತ್ತಲಲ್ಲಿ ಮರ ತಪ್ಪದಂತೆ ಹಿಂದಿನ ದಿನ ಹಗಲಿನಲ್ಲಿಯೇ ಹೋಗಿ ಮರಕ್ಕೆ ಗುರುತಿಟ್ಟು ಬರುವ ಎಚ್ಚರವೂ ಇದರೊಡನೆ ಬಂದಿದೆ. ಎಚ್ಚರಕ್ಕೆ ಕಾರಣವಿದೆ: ಅದೇ ಕಾಡಿನಲ್ಲಿ ಕಾಸರ್ಕವೂ ಬೆಳೆಯುತ್ತದೆ. ಗ್ರಂಥಗಳ ಕಾರಸ್ಕರ, ವಿಷಮುಷ್ಟಿ ಅದೇ. ಅದರ ತೊಗಟೆಯೂ ಕಹಿ, ಆದರೆ ಪ್ರಾಣಾಂತಿಕ. ಹಾಲೆಯ ಎಲೆಗಳು ರೆಂಬೆಯ ಗಿಣ್ಣಿನಲ್ಲಿ ನಾಲ್ಕರಿಂದ ಏಳೆಂಟರವರೆಗೆ ಚಕ್ರಾಕಾರವಾಗಿ ನಿಲ್ಲುತ್ತವೆ, ಗೀರಿದರೆ ಹಾಲು ಸುರಿಯುತ್ತದೆ. ಕಾಸರ್ಕದ ಎಲೆಗಳು ಎರಡೆರಡಾಗಿ ಎದುರುಬದುರು, ಹಾಲಿಲ್ಲ. ಸಪ್ತಪರ್ಣ ಎಂಬ ಸಂಸ್ಕೃತ ನಾಮ ಎಲೆಯ ಜೋಡಣೆಯನ್ನೂ ಹಾಲೆ ಎಂಬ ದೇಶ್ಯ ನಾಮ ಹಾಲನ್ನೂ ಹೇಳುತ್ತದೆ. ಎರಡು ನಾಮಗಳನ್ನು ಕೂಡಿಸಿದಾಗ ಮರದ ಲಕ್ಷಣ ಪೂರ್ಣವಾಗುವುದು ಗಮನಾರ್ಹ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡುವ ಸಂಪಾದಕನು ಅರ್ಧ ಲಕ್ಷಣವನ್ನು ಕಳೆದನೆಂದೇ ಅರ್ಥ.

ಹೀಗೆ ದೇಶ್ಯನಾಮಗಳನ್ನು ಬಿಡುವ ಪ್ರಸಂಗ ಕಲ್ಪಿತವೇನಲ್ಲ. ಓಲೆಯ ಅಂಚಿನಲ್ಲಿ ಅಥವಾ ಪಂಕ್ತಿಗಳ ನಡುವೆ ಸಂಸ್ಕೃತ ದ್ರವ್ಯನಾಮದ ಕೆಳಗೆ ಸಣ್ಣ ಅಕ್ಷರದಲ್ಲಿ ಕನ್ನಡ ಹೆಸರನ್ನು ಕೊರೆಯುವ ವಾಡಿಕೆ ವೈದ್ಯಪ್ರತಿಗಳಲ್ಲಿ ಉಂಟು. ಓದಿ ಬಳಸಿದವನ ಕೈಬರಹವದು. ಬಹುಶಃ ಗ್ರಂಥಕಾರನಿಗಿಂತ ಎಷ್ಟೋ ತಲೆಮಾರು ಈಚಿನವನದು. ಮೂಲಪಾಠದ ದೃಷ್ಟಿಯಿಂದ ಇಂತಹ ಟಿಪ್ಪಣಿಗೆ ಬೆಲೆಯಿಲ್ಲವೆಂದು ಕೈಬಿಡುವುದು ಪಾಠಸಂಪಾದನೆಯ ಸಾಮಾನ್ಯ ಕ್ರಮ. ವೈದ್ಯಗ್ರಂಥದಲ್ಲಿ ಇದು ತಲೆಕೆಳಗಾದ ಕ್ರಮ. ಆ ಪ್ರದೇಶದಲ್ಲಿ, ಆ ಕಾಲದಲ್ಲಿ ಈ ಹೆಸರಿನಿಂದ ಯಾವ ಗಿಡವನ್ನು ಕಿತ್ತರು ಎಂಬುದಕ್ಕೆ ಅದು ನೇರವಾದ ಸಾಕ್ಷ್ಯ. ಎಷ್ಟೋ ಕಡೆ ಅದೊಂದೇ ಸಾಕ್ಷ್ಯ. ಲಿಪಿಕಾರನ ‘ಅಪಪಾಠ’ಗಳಲ್ಲಿಯೂ ಕೆಲವು ಅಪಪಾಠಗಳಲ್ಲ, ಸಂಸ್ಕೃತದ ಹೆಸರಿನ ಬದಲು ಅವನ ಊರಿನ ಹೆಸರು ನುಸುಳಿದ್ದು. ಅಮೃತನಂದಿ ಅಕಾರಾದಿಯಾಗಿ ನಿಘಂಟನ್ನು ರಚಿಸಿದುದೇ ಎರಡು ನುಡಿಗಳ ನಡುವಣ ಈ ಸೇತುವೆ ಅವಶ್ಯವೆಂದು ಕಂಡುದರಿಂದ.

ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನವನ್ನು ನಮ್ಮ ಶಾಸನಗಳು ಮತ್ತೆ ಮತ್ತೆ ಕೊಂಡಾಡುತ್ತವೆ. ಭೈಷಜ್ಯದಾನಕ್ಕೆ ಮದ್ದು ಬೇಕು, ಮದ್ದಿಗೆ ಗಿಡ ಬೇಕು, ಗಿಡವನ್ನು ಕಾಡಿನಿಂದ ತರುವವರು ಬೇಕು. ಆ ತರುವವರು ಶಾಸ್ತ್ರವನ್ನೋದಿದ ಶ್ರಾವಕರೇ ಆಗಿದ್ದರೆಂದು ತಿಳಿಯಲು ಕಾರಣವಿಲ್ಲ. ಜೈನ ವೈದ್ಯವನ್ನು ಕುರಿತ ಬರಹಗಳಲ್ಲಿ ಈ ಮಂದಿಗೆ ಸ್ಥಾನವೇ ಇಲ್ಲ; ಪ್ರಾಣಾವಾಯದಿಂದ ಆಚಾರ್ಯನಿಗೆ, ಆಚಾರ್ಯನಿಂದ ಓಲೆಗೆ ವಿದ್ಯೆ ನೇರವಾಗಿ ಇಳಿದಂತೆ ಚಿತ್ರಣವಿದೆ. ಆಗಮದ ಮೂಲವನ್ನು ನಂಬುವುದು ಶ್ರದ್ಧೆಯ ವಿಷಯ. ನೆಲದ ಮೇಲಿನ ಗಿಡವನ್ನು ಗುರುತಿಸಿದವರ ಋಣವನ್ನು ಒಪ್ಪುವುದರಿಂದ ಆ ಶ್ರದ್ಧೆಗೆ ಲೋಪವೇನೂ ಬಾರದು. 17ನೆಯ ಶತಮಾನದಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಹನ್ನೆರಡು ಸಂಪುಟಗಳಾಗಿ ಅಚ್ಚಾದ ಮಲಬಾರಿನ ಸಸ್ಯಗ್ರಂಥ ‘ಹಾರ್ಟಸ್ ಮಲಬಾರಿಕಸ್’ ಕೂಡ ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯನ ಹೆಸರನ್ನೂ ಮೂವರು ಕೊಂಕಣಿ ವೈದ್ಯರ ಹೆಸರುಗಳನ್ನೂ ಮರೆಮಾಡಲಿಲ್ಲ.

ಆದುದರಿಂದ ಮುಂದಣ ಸಂಪಾದನೆಗಳಲ್ಲಿ ನಡುಪಂಕ್ತಿಯ ದೇಶ್ಯನಾಮಗಳನ್ನು ಪ್ರತಿಯ ಊರಿನೊಡನೆ ಅಡಿಯಲ್ಲಿ ಕೊಡುವುದು, ಆಯಾ ಪ್ರದೇಶದ ನಾಟಿವೈದ್ಯರಿಗೆ ಹೆಸರನ್ನು ಓದಿ ಹೇಳಿ ಅವರು ತೋರಿಸಿದ ಗಿಡವನ್ನು ಸಸ್ಯಶಾಸ್ತ್ರಜ್ಞರಿಂದ ಗುರುತಿಸಿಕೊಳ್ಳುವುದು, ಸಂದೇಹವಿದ್ದಲ್ಲಿ ಸಂದೇಹವನ್ನು ಹಾಗೆಯೇ ಅಚ್ಚು ಮಾಡುವುದು ಅಗತ್ಯ. 2002ರ ಜೀವವೈವಿಧ್ಯ ಕಾಯಿದೆಯ ಅನ್ವಯ ಪಂಚಾಯಿತಿಗಳಲ್ಲಿ ಸಿದ್ಧವಾಗುವ ಜನತಾ ಜೀವವೈವಿಧ್ಯ ದಾಖಲೆಗಳಲ್ಲಿ ಸ್ಥಳೀಯ ಹೆಸರುಗಳು ಸೇರುತ್ತವೆ. ಓಲೆಯ ಹೆಸರುಗಳನ್ನು ಅವುಗಳೊಡನೆ ತೂಗಿನೋಡಬಹುದು. ನಾಟಿವೈದ್ಯನು ತೋರಿಸಿದ್ದೆಲ್ಲವೂ ಪ್ರಾಚೀನವೆಂದು ನಂಬಬೇಕಾಗಿಲ್ಲ. ಹೆಸರುಗಳು ಗಿಡದಿಂದ ಗಿಡಕ್ಕೆ ಜಿಗಿಯುತ್ತವೆ, ಕಾಡು ಬರಿದಾದಾಗ ಬದಲಿಗಳು ಬರುತ್ತವೆ. ಅವನ ಮಾತು ಒಂದು ಸಾಕ್ಷ್ಯ, ತೀರ್ಪಲ್ಲ.

ವಿಷವೈದ್ಯದ ಗ್ರಂಥಗಳಲ್ಲಿ ಈ ಜವಾಬ್ದಾರಿ ಇಮ್ಮಡಿಯಾಗುತ್ತದೆ. ಹದಿನಾಲ್ಕನೆಯ ಶತಮಾನದ ಮಂಗರಾಜನ ಖಗೇಂದ್ರಮಣಿದರ್ಪಣವನ್ನು ಮದರಾಸು ವಿಶ್ವವಿದ್ಯಾಲಯ 1942ರಲ್ಲಿ ಪ್ರಕಟಿಸಿತು. ಸ್ಥಾವರ ಜಂಗಮ ವಿಷಗಳೆರಡನ್ನೂ ವಿಸ್ತಾರವಾಗಿ ನಿರೂಪಿಸುವ ಈ ಕೃತಿ ಕನ್ನಡದ ಹೆಮ್ಮೆ. ಆ ಹೆಮ್ಮೆಯಿಂದಲೇ ಇದರ ಯೋಗಗಳನ್ನು ಬಿಡಿಯಾಗಿ ಎತ್ತಿ ಹೊಸಗನ್ನಡ ಗದ್ಯದಲ್ಲಿ ಹಂಚುವ ಉತ್ಸಾಹ ಕೆಲವರಲ್ಲಿದೆ. ಹಾವು ಕಚ್ಚಿದವನಿಗೆ ಇಂದು ಪ್ರಾಣ ಉಳಿಸುವುದು ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷವೊಂದೇ. ಬೇರು ಹುಡುಕುತ್ತ ಕಳೆದ ಗಳಿಗೆ ಮತ್ತೆ ದೊರೆಯದು. ಹಳ್ಳಿಗಳಲ್ಲಿ ವಿಷಕ್ಕೆಂದು ಬಹುಕಾಲ ಬಳಸಿದ ಈಶ್ವರಿಬೇರು ಮೂತ್ರಪಿಂಡಕ್ಕೆ ಹಾನಿಕರವೆಂದೂ ಅದರ ವರ್ಗದ ಸಸ್ಯಗಳಲ್ಲಿರುವ ಆಮ್ಲ ಅರ್ಬುದಕಾರಕವೆಂದೂ ಈಗ ಸಿದ್ಧವಾಗಿದೆ. ಮಂಗರಾಜನನ್ನು ಆರುನೂರು ವರ್ಷಗಳ ಹಿಂದಿನ ಲೋಕಾನುಭವದ ದಾಖಲೆಯಾಗಿ ಓದುವವನು ಇದರಿಂದ ಏನನ್ನೂ ಕಳೆದುಕೊಳ್ಳುವುದಿಲ್ಲ.

ಹಸ್ತಪ್ರತಿ ಸೂಚಿಗಳ ವಿಚಾರವೊಂದು ಉಳಿಯಿತು. ಕೆ. ಭುಜಬಲಿ ಶಾಸ್ತ್ರಿಗಳ ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ 1948ರಲ್ಲಿ ಹೊರಬಂದಾಗ ಮೂಡಬಿದಿರೆ ಮೊದಲಾದೆಡೆಗಳ ಭಂಡಾರಗಳ ಬಾಗಿಲು ವಿದ್ವಾಂಸರಿಗೆ ತೆರೆಯಿತು. ಆ ಬಳಿಕ ಗ್ರಂಥನಾಮವೂ ಕರ್ತೃನಾಮವೂ ಇರುವ ಪ್ರತಿಗಳ ಅಧ್ಯಯನ ಬೆಳೆದಿದೆ. ಆದರೆ ಭಂಡಾರಗಳಲ್ಲಿ ಹೆಸರಿಲ್ಲದ ಮದ್ದಿನ ಓಲೆಗಳೂ ಇವೆ. ಯಾವನೋ ಒಬ್ಬ ವೈದ್ಯನು ತನ್ನ ಬಳಕೆಗಾಗಿ ಗದ್ಯದಲ್ಲಿ, ಊರಿನ ಮಾತಿನಲ್ಲಿ ಕೊರೆದುಕೊಂಡ ಕಟ್ಟುಗಳು. ಸೂಚಿಯಲ್ಲಿ ಅಂತಹವುಗಳಿಗೆ ‘ವೈದ್ಯ, ಅಪೂರ್ಣ’ ಎಂಬೆರಡು ಪದಗಳಿಗಿಂತ ಹೆಚ್ಚಿನ ವಿವರಣೆ ದೊರೆಯುವುದು ಅಪರೂಪ. ಕಲ್ಯಾಣಕಾರಕದ ಸಂಸ್ಕೃತ ನಾಮಗಳಿಗೆ ಕನ್ನಡದ ಗಿಡಗಳು ಸಿಗಬೇಕಾದುದು ಆ ಕಟ್ಟುಗಳಲ್ಲಿಯೇ. ಸೂಚಿಕಾರರು ಪ್ರತಿಯೊಂದು ಕಟ್ಟಿನಿಂದ ಮೊದಲ ಹತ್ತು ದ್ರವ್ಯನಾಮಗಳನ್ನಾದರೂ ಇದ್ದಂತೆಯೇ ನಕಲು ಮಾಡಿ, ಪ್ರತಿ ದೊರೆತ ಊರನ್ನು ನಮೂದಿಸಿದರೆ ಕೆಲಸ ಆರಂಭವಾಗುತ್ತದೆ.